ಊರೂರಿನ ಕೈಪಿಡಿ ಬರೆದ ರೈಸ್ ಸಾಹೇಬರು

ಲೋಕಸಂಚಾರಕ್ಕೆ ಹೊರಡುವವರು ಕೈಯಲ್ಲೊಂದು ಮಾರ್ಗದರ್ಶಿ ಗ್ರಂಥವನ್ನು ಹಿಡಿದು ಹೊರಡುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೂರಿತು. ಲಂಡನ್ನಿನ ಪ್ರಕಾಶಕ ಜಾನ್ ಮರ್ರೆ ಯೂರೋಪಿನ ಪ್ರವಾಸಿಗಳಿಗಾಗಿ ತನ್ನ ಮೊದಲ ಕೈಪಿಡಿಯನ್ನು ಹೊರಡಿಸಿದ್ದು 1836ರಲ್ಲಿ. ಜರ್ಮನಿಯ ಕಾರ್ಲ್ ಬೆಡೆಕರ್ ಸುಮಾರಾಗಿ ಅದೇ ಕಾಲದಲ್ಲಿ ಅದೇ ಉದ್ಯಮಕ್ಕೆ ಕೈಹಾಕಿದನು. 1859ರಲ್ಲಿ ಮರ್ರೆಯ ಸಂಸ್ಥೆ ಇಂಡಿಯಾ ದೇಶದ ಸಂಚಾರಕ್ಕೂ ಕೈಪಿಡಿಯನ್ನು ಸಿದ್ಧಪಡಿಸಿತು. ಯಾವ ಹಡಗನ್ನು ಹತ್ತಬೇಕು, ಎಲ್ಲಿ ತಂಗಬೇಕು, ಯಾವ ಗುಡಿಯನ್ನು ನೋಡದೆ ಮುಂದೆ ಹೋಗಬಾರದು ಎಂಬುದನ್ನೆಲ್ಲ ಇಂಥ ಪುಸ್ತಕಗಳು ಅಚ್ಚುಕಟ್ಟಾಗಿ ತಿಳಿಸುತ್ತವೆ. ಆದರೆ ಅವು ಹೆದ್ದಾರಿಯನ್ನು ಬಿಟ್ಟು ಇಳಿಯುವುದು ಕಡಮೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂಥ ಊರುಗಳಿಗೆ ಹೋಗಬಯಸುವವನಿಗೆ ಅವುಗಳಿಂದ ದೊರೆಯುವ ನೆರವು ಅತ್ಯಲ್ಪ.

ಈ ಊರುಗಳಿಗೆ ಕೈಪಿಡಿಯನ್ನು ಬರೆದಿಟ್ಟವರು ಬೇರೊಬ್ಬರು. ಅವರ ಉದ್ದೇಶ ಪ್ರವಾಸಿಗಳನ್ನು ಕರೆತರುವುದಾಗಿರಲಿಲ್ಲ. ಸರ್ಕಾರ ಒಪ್ಪಿಸಿದ ಕೆಲಸವನ್ನು ಅವರು ಮಾಡಿದರು, ಒಪ್ಪಿಸಿದುದಕ್ಕಿಂತ ಬಹಳ ಹೆಚ್ಚಾಗಿಯೇ ಮಾಡಿದರು. ಅವರೇ ಬೆಂಜಮಿನ್ ಲೂಯಿಸ್ ರೈಸ್. ಶಾಸನಗಳ ರೈಸ್ ಎಂದರೆ ಕನ್ನಡ ಬಲ್ಲವರಿಗೆ ಹೆಚ್ಚಿನ ಪರಿಚಯ ಬೇಕಿಲ್ಲ. ಆದರೂ ಅವರ ಜೀವನವನ್ನು ನಮ್ಮ ಈ ನಾಲ್ಕು ಊರುಗಳ ಕಡೆಯಿಂದ ನೋಡಿದಾಗ, ಆ ದೊಡ್ಡ ಹೆಸರಿನ ಹಿಂದಿದ್ದ ದುಡಿಮೆಯ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ.

ರೈಸರು ಹುಟ್ಟಿದ್ದು ಬೆಂಗಳೂರಿನಲ್ಲಿ, 1837ನೆಯ ಇಸವಿ ಜುಲೈ 17ರಂದು. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳು; ಕನ್ನಡವನ್ನು ಚೆನ್ನಾಗಿ ಕಲಿತಿದ್ದವರು. ಮಗನ ಕಿವಿಗೆ ಹುಟ್ಟಿದಂದಿನಿಂದ ಕನ್ನಡ ಬಿದ್ದಿತು. ವಿದ್ಯಾಭ್ಯಾಸ ಮಾತ್ರ ಇಂಗ್ಲೆಂಡಿನಲ್ಲಿ ನಡೆಯಿತು. ಅದನ್ನು ಮುಗಿಸಿ 1860ರಲ್ಲಿ ಅವರು ತಮ್ಮ ಹುಟ್ಟೂರಿಗೇ ಹಿಂದಿರುಗಿ, ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಕೆಲವು ವರ್ಷಗಳಲ್ಲಿ ಮೈಸೂರು ಮತ್ತು ಕೊಡಗುಗಳ ಶಾಲೆಗಳ ಇನ್‌ಸ್ಪೆಕ್ಟರರಾದರು. ಬಳಿಕ ವಿದ್ಯಾಇಲಾಖೆಯ ಮುಖ್ಯಾಧಿಕಾರವೂ ಅವರಿಗೆ ಬಂದಿತು.

ಶಾಲೆಗಳ ತನಿಖೆಯೇ ಅವರ ಬಾಳಿನ ದಾರಿಯನ್ನು ತಿರುಗಿಸಿತು. ರೈಲುಮಾರ್ಗ ಇನ್ನೂ ಈ ಸೀಮೆಯನ್ನು ಮುಟ್ಟದ ಕಾಲ. ಕುದುರೆಯ ಮೇಲೆ ಊರಿಂದೂರಿಗೆ ಹೋಗುವಾಗ ದೇವಾಲಯದ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರ ಕೆತ್ತಿದ ಕಲ್ಲುಗಳು ಅವರ ಕಣ್ಣಿಗೆ ಬೀಳುತ್ತಿದ್ದುವು. ಹಳಗನ್ನಡದ ಆ ಲಿಪಿಯನ್ನು ಊರಿನವರು ಓದಲಾರರು. ನಿಧಿಯ ಗುರುತೆಂದು ನಂಬಿದವರುಂಟು. ಬಟ್ಟೆ ಒಗೆಯುವ ಕಲ್ಲಾಗಿಯೂ, ಮೋರಿಯ ಹಾಸುಗಲ್ಲಾಗಿಯೂ ಅವನ್ನು ಬಳಸಿದವರುಂಟು. ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಅದೇ ಕಾಲದಲ್ಲಿ ಸಂಸ್ಥಾನದ ಸುಮಾರು ನೂರೈವತ್ತು ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದನು. ಅವನ್ನು ಓದಿ ಅನುವಾದಿಸುವ ಹೊಣೆ ರೈಸರ ಪಾಲಿಗೆ ಬಂದಿತು. ಅದರ ಫಲವಾಗಿ ಮೈಸೂರಿನ ಶಾಸನಗಳ ಅವರ ಮೊದಲ ಸಂಪುಟ 1879ರಲ್ಲಿ ಹೊರಬಿದ್ದಿತು.

ಅದಕ್ಕೂ ಮೊದಲೇ, 1873ರಲ್ಲಿ, ಮೈಸೂರು ಮತ್ತು ಕೊಡಗುಗಳ ಗೆಜೆಟಿಯರನ್ನು ರಚಿಸುವ ಕಾರ್ಯವನ್ನು ಸರ್ಕಾರ ಅವರಿಗೆ ಒಪ್ಪಿಸಿತ್ತು. ಗೆಜೆಟಿಯರೆಂದರೆ ಆಳುವವರ ಅನುಕೂಲಕ್ಕಾಗಿ ಹುಟ್ಟಿದ ಪುಸ್ತಕ. ಎಲ್ಲಿ ಯಾವ ಬೆಳೆ, ಎಷ್ಟು ಕಂದಾಯ, ಎಷ್ಟು ಜನ, ಯಾವ ದಾರಿ ಎಂಬುದನ್ನು ಕಚೇರಿಯಲ್ಲಿ ಕುಳಿತ ಅಧಿಕಾರಿ ತಿಳಿಯಲೆಂದು ಅದನ್ನು ಬರೆಯಿಸುತ್ತಿದ್ದರು. ರೈಸರ ಗ್ರಂಥದಲ್ಲಿ ಇವೆಲ್ಲ ಇವೆ. ಅದರ ಜೊತೆಗೆ ಊರಿನ ಹೆಸರು ಹೇಗೆ ಬಂದಿತು, ಕೋಟೆಯನ್ನು ಕಟ್ಟಿದವರಾರು, ಕೆಡವಿದವರಾರು, ಜಾತ್ರೆ ಯಾವಾಗ, ಸಂತೆ ಎಂದು ಎಂಬ ವಿವರಗಳೂ ಇವೆ.

ಚನ್ನಗಿರಿಯ ಸೀಮೆಯನ್ನೇ ತೆಗೆದುಕೊಳ್ಳಬಹುದು. ಊರಿಗೆ ಹೆಸರು ಬಂದಿರುವುದು ಕೆಳದಿಯ ಚೆನ್ನಮ್ಮಾಜಿಯಿಂದ. ಅಲ್ಲಿಂದ ಮುಂದೆ ಎರಡು ಗುಡ್ಡಗಳ ನಡುವಿನ ಕಣಿವೆಯನ್ನು ಒಂದೇ ಏರಿಯಿಂದ ತಡೆದು ಕಟ್ಟಿದ ಸೂಳೆಕೆರೆ. ಶಾಂತಿಸಾಗರವೆಂದೂ ಅದಕ್ಕೆ ಹೆಸರುಂಟು. ಸಿದ್ಧ ಮತ್ತು ಬಸವ ಎಂಬ ಅದರ ಎರಡು ತೂಬುಗಳು, ಅದನ್ನು ತುಂಬಿ ಹರಿಹರದಲ್ಲಿ ತುಂಗಭದ್ರೆಯನ್ನು ಕೂಡುವ ಹರಿದ್ರಾ ಹೊಳೆ, ಏರಿಯ ದಪ್ಪ ಮತ್ತು ಗಟ್ಟಿತನ, ಇವೆಲ್ಲಕ್ಕೂ ಗೆಜೆಟಿಯರಿನಲ್ಲಿ ಸ್ಥಾನವುಂಟು. ಬಸವಾಪಟ್ಟಣದ ನಾಯಕರ ಕಥೆಯೂ, ಆ ವಂಶದ ಕೆಂಗ ಹನುಮಪ್ಪ ನಾಯಕ ಸಂತೇಬೆನ್ನೂರಿನಲ್ಲಿ ಕಟ್ಟಿಸಿದ ಹೊಂಡವೂ ಅಲ್ಲಿಯ ಇತಿಹಾಸಕ್ಕೆ ಸೇರಿದುವು. ಆ ಹೊಂಡದ ನಡುವೆ ಕಲ್ಲಿನ ಮಂಟಪವಿದೆ; ಎದುರಿಗೆ ಬಿಜಾಪುರದವರ ಕಾಲದ ಮುಸಾಫಿರ್‌ಖಾನೆ ಇದೆ. ಮುಸಾಫಿರನೆಂದರೆ ದಾರಿಹೋಕ. ಪರಸ್ಥಳದಿಂದ ಬಂದವನಿಗೊಂದು ತಂಗುದಾಣ ಬೇಕೆಂಬ ಎಣಿಕೆ ಈ ಸೀಮೆಗೆ ಮರ್ರೆಯ ಕೈಪಿಡಿಗಿಂತ ಬಹಳ ಮೊದಲೇ ತಿಳಿದಿದ್ದಿತು.

ಹೊನ್ನಾಳಿ ತುಂಗಭದ್ರೆಯ ದಡದ ಊರು. ಹೆಸರಿನಲ್ಲಿ ಹೊನ್ನಿರುವಂತೆ ನೆಲದಲ್ಲಿಯೂ ಇದ್ದೀತೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕುದುರೆಕೊಂಡದ ಕಡೆ ಗಣಿ ತೋಡಿದರು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿಗೆ ಸೇರಿದ ಪೇಟೆ. ಮಲೆನಾಡಿನ ಸರಕೂ ಬಯಲುಸೀಮೆಯ ಸರಕೂ ಕೈಬದಲಾಯಿಸುವ ಸ್ಥಳ. ಅದರ ಆಸುಪಾಸಿನ ಬೆಳಗುತ್ತಿ ಒಂದು ಕಾಲಕ್ಕೆ ಸಿಂದವಂಶದ ಅರಸರ ರಾಜಧಾನಿ. ಜಗಳೂರು ಇವುಗಳಿಂದ ದೂರದಲ್ಲಿ, ಪೂರ್ವದ ಕಡೆ, ಮಳೆಗಾಗಿ ಮುಗಿಲು ನೋಡುವ ಬಯಲು. ನೀರು ತುಂಬಿದ ಸೀಮೆಗೂ ಒಣಗಿದ ಸೀಮೆಗೂ ಒಂದೇ ಶ್ರದ್ಧೆಯನ್ನು ಕೊಟ್ಟು ಬರೆದುದು ಈ ಗ್ರಂಥದ ಗುಣ.

ಗೆಜೆಟಿಯರಿನ ಸಂಪುಟಗಳು ಅಚ್ಚಾದುದು 1876ರಿಂದ 1878ರವರೆಗೆ. ಆ ವರ್ಷಗಳು ಯಾವುವೆಂದು ಮೈಸೂರು ಸೀಮೆಯ ಹಿರಿಯರು ಬಹುಕಾಲ ಮರೆಯಲಿಲ್ಲ. ಅವು ಧಾತು ಮತ್ತು ಈಶ್ವರ ಸಂವತ್ಸರಗಳು. ಮಳೆ ಕೈಕೊಟ್ಟು, ಕಣಜಗಳು ಬರಿದಾಗಿ, ದಾರಿಯ ಉದ್ದಕ್ಕೂ ಜನ ಸತ್ತುಬಿದ್ದ ಕಾಲ. ಅಚ್ಚಿನ ಮನೆಯಲ್ಲಿ ಊರೂರಿನ ಮನೆ, ಬೆಳೆ, ಜನಗಳ ವಿವರ ಮೊಳೆಗೂಡುತ್ತಿದ್ದಾಗ ಹೊರಗೆ ಆ ಊರುಗಳೇ ಬರಿದಾಗುತ್ತಿದ್ದುವು. ಮುಂದೆ 1881ರ ಜನಗಣತಿ ನಡೆಯಿತು. ಅದರ ವರದಿಯನ್ನು ಬರೆದವರೂ ರೈಸರೇ. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ 8,69,224 ಮಂದಿ ಕಡಮೆ! ಯಾವ ಹಳ್ಳಿಗಳನ್ನು ಹೆಸರಿಡಿದು ವರ್ಣಿಸಿದ್ದರೋ ಅದೇ ಹಳ್ಳಿಗಳಲ್ಲಿ ಇಲ್ಲವಾದವರ ಲೆಕ್ಕವನ್ನು ಅದೇ ಕೈಯಿಂದ ಬರೆಯಬೇಕಾಯಿತು. ಜೀವವಿರುವ ಜನವೇ ಹೀಗೆ ಗುರುತಿಲ್ಲದಂತೆ ಹೋಗುವಾಗ, ಮೋರಿಗೆ ಬಿದ್ದ ಕಲ್ಲಿನ ಅಕ್ಷರ ಎಷ್ಟು ದಿನ ಉಳಿದೀತು? ಈ ಪ್ರಶ್ನೆಯನ್ನು ರೈಸರು ಕೇಳಿಕೊಂಡರೋ ಇಲ್ಲವೋ, ಅವರ ಉಳಿದ ಆಯುಷ್ಯವೆಲ್ಲ ಅದಕ್ಕೆ ಉತ್ತರವೆಂಬಂತೆ ಸಾಗಿತು.

ಸಂಸ್ಥಾನ 1881ರಲ್ಲಿ ಮತ್ತೆ ಒಡೆಯರ ಆಳ್ವಿಕೆಗೆ ಬಂದಿತು. ಕೆಲವು ವರ್ಷಗಳಲ್ಲಿ ಪ್ರಾಚ್ಯ ಸಂಶೋಧನೆಯ ಕಾರ್ಯ ರೈಸರ ಉಳಿದ ಅಧಿಕಾರಗಳ ಜೊತೆಗೆ ಸೇರಿತು. 1890ರಿಂದ ಅದೊಂದೇ ಅವರ ಉದ್ಯೋಗವಾಯಿತು. ತಾಲ್ಲೂಕು ತಾಲ್ಲೂಕಾಗಿ, ಹಳ್ಳಿ ಹಳ್ಳಿಯಾಗಿ ಶಾಸನಗಳನ್ನು ಹುಡುಕಿ ಪ್ರತಿ ತೆಗೆಯುವ ಕೆಲಸ ನಡೆಯಿತು. ಕೊಡಗಿನ ಶಾಸನಗಳು 1886ರಲ್ಲಿಯೂ, ಶ್ರವಣಬೆಳಗೊಳದವು 1889ರಲ್ಲಿಯೂ ಪ್ರಕಟವಾದುವು. ಒಟ್ಟು ಹನ್ನೆರಡು ಸಂಪುಟಗಳು, ಸುಮಾರು 9,000 ಶಾಸನಗಳು. ಇವೇ ಎಪಿಗ್ರಾಫಿಯಾ ಕರ್ಣಾಟಿಕಾ. ಈ ಓಡಾಟದಲ್ಲಿಯೇ, 1892ರಲ್ಲಿ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀಮೆಯಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು ಅವರಿಂದ ಬೆಳಕಿಗೆ ಬಂದುವು. ಕನ್ನಡನಾಡಿನ ಚರಿತ್ರೆ ಒಮ್ಮೆಗೇ ಕ್ರಿಸ್ತಪೂರ್ವ ಮೂರನೆಯ ಶತಮಾನಕ್ಕೆ ಹಿಂದೆ ಸರಿಯಿತು.

ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ ಶಾಸನಗಳು ಏಳನೆಯ ಸಂಪುಟದಲ್ಲಿವೆ. ಅದು 1902ರಲ್ಲಿ ಹೊರಬಂದಿತು. ತಾಳಗುಂದದ ಕದಂಬ ಸ್ತಂಭಶಾಸನವಿರುವ ಶಿಕಾರಿಪುರ ತಾಲ್ಲೂಕೂ ಅದೇ ಸಂಪುಟದ್ದು. ಜಗಳೂರಿನವು ಚಿತ್ರದುರ್ಗ ಜಿಲ್ಲೆಯ ಹನ್ನೊಂದನೆಯ ಸಂಪುಟದಲ್ಲಿವೆ. ಪುಟಗಳನ್ನು ತಿರುವಿದರೆ ಅರಸರ ಬಿರುದಾವಳಿಗಳ ನಡುವೆ ಸಾಮಾನ್ಯರ ಬದುಕು ಕಾಣಿಸಿಕೊಳ್ಳುತ್ತದೆ. ತುರುಗಳನ್ನು ಮರಳಿಸಹೋಗಿ ಕಾದಿ ಸತ್ತ ವೀರ, ಗುಡಿಯ ನಂದಾದೀಪಕ್ಕೆ ಭೂಮಿ ಬಿಟ್ಟ ಗೌಡ, ಕೆರೆ ಕಟ್ಟಿಸಿದವನಿಗೆ ದೊರೆತ ಉಂಬಳಿ, ದತ್ತಿಯನ್ನು ಅಳಿದವನಿಗೆ ಬರೆದಿಟ್ಟ ಶಾಪ. ಊರಿನ ಮುತ್ತಜ್ಜ ಕೂಡ ಕೇಳಿರದ ಹೆಸರುಗಳು ಇಲ್ಲಿವೆ.

ಗೆಜೆಟಿಯರಿಗೂ ಈ ಸಂಪುಟಗಳಿಗೂ ಒಂದು ಮುಖ್ಯ ಅಂತರವುಂಟು. ಗೆಜೆಟಿಯರು ಇಂಗ್ಲಿಷಿನಲ್ಲಿತ್ತು. ಯಾರ ಊರನ್ನು ಅದು ವರ್ಣಿಸಿತೋ ಆ ರೈತನಿಗೆ, ಆ ಪಟೇಲನಿಗೆ ಅದು ಮುಚ್ಚಿದ ಬಾಗಿಲು. ಶಾಸನ ಸಂಪುಟಗಳಲ್ಲಿ ರೈಸರು ಪಾಠವನ್ನು ರೋಮನ್ ಲಿಪಿಯಲ್ಲಿಯೂ ಇಂಗ್ಲಿಷ್ ಅನುವಾದದಲ್ಲಿಯೂ ಕೊಟ್ಟು ನಿಲ್ಲಿಸಲಿಲ್ಲ. ಕನ್ನಡ ಅಕ್ಷರಗಳಲ್ಲಿಯೂ ಅಚ್ಚುಮಾಡಿಸಿದರು. ಊರಿನ ಮಾತು ಊರಿನ ಲಿಪಿಯಲ್ಲಿಯೇ ಊರಿಗೆ ಹಿಂದಿರುಗಿತು. ಪಂಪಭಾರತವೂ ಕರ್ಣಾಟಕ ಶಬ್ದಾನುಶಾಸನವೂ ಇವರ ಉಸ್ತುವಾರಿಯ ಗ್ರಂಥಮಾಲೆಯಲ್ಲಿಯೇ ಅಚ್ಚಿನ ಮುಖ ಕಂಡುವೆಂಬುದನ್ನು ನೆನೆದರೆ, ಕನ್ನಡದ ಮೇಲೆ ಅವರಿಗಿದ್ದ ಮಮತೆ ವೃತ್ತಿಯ ಎಲ್ಲೆಯನ್ನು ಮೀರಿದ್ದೆಂಬುದು ತಿಳಿಯುತ್ತದೆ.

ಅವರ ಬರವಣಿಗೆಯಲ್ಲಿ ದೋಷಗಳಿಲ್ಲವೆಂದಲ್ಲ. ಸಾವಿರಾರು ಕಲ್ಲುಗಳನ್ನು ಕೆಲವೇ ವರ್ಷಗಳಲ್ಲಿ ಓದಿ ಮುಗಿಸುವ ಅವಸರದಲ್ಲಿ ಪಾಠಗಳು ಅಲ್ಲಲ್ಲಿ ತಪ್ಪಿದುವು. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್ ಎಂಬ ವಿದ್ವಾಂಸರೊಡನೆ ಅವರಿಗೆ ದೀರ್ಘ ವಾದವೇ ನಡೆಯಿತು. ಫ್ಲೀಟರು ಅವನ್ನು ಕೂಟಶಾಸನಗಳೆಂದರು, ರೈಸರು ನಿಜವೆಂದರು. ಮುಂದಿನ ವಿದ್ವಾಂಸರು ಎಲ್ಲವನ್ನೂ ಒಪ್ಪಲಿಲ್ಲ, ಎಲ್ಲವನ್ನೂ ತಳ್ಳಿಹಾಕಲೂ ಇಲ್ಲ. ಇನ್ನೊಂದು ಮಾತನ್ನೂ ಹೇಳಬೇಕು. ಈ ಸಂಪುಟಗಳ ಹಿಂದೆ ಬಿಸಿಲಿನಲ್ಲಿ ಕುಳಿತು ಕಲ್ಲು ತೊಳೆದು ಅಕ್ಷರ ಅಕ್ಷರವಾಗಿ ಪ್ರತಿ ಮಾಡಿದ ಕನ್ನಡ ಪಂಡಿತರೂ ಗುಮಾಸ್ತರೂ ಇದ್ದರು. ಕಲ್ಲಿರುವ ಜಾಗವನ್ನು ತೋರಿಸಿದ ಹಳ್ಳಿಗರಿದ್ದರು. ರೈಸರಿಗೆ ಸಲ್ಲುವ ಕೀರ್ತಿಯಲ್ಲಿ ಅವರಿಗೂ ಪಾಲುಂಟು.

ರೈಸರು 1906ರಲ್ಲಿ ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದವರು ಅವರ ಕೈಕೆಳಗೆ ದುಡಿದಿದ್ದ ಆರ್. ನರಸಿಂಹಾಚಾರ್ಯರು, ಕರ್ಣಾಟಕ ಕವಿಚರಿತೆಯ ಕರ್ತೃಗಳು. ಇಂಗ್ಲೆಂಡಿಗೆ ಹೋದ ಮೇಲೆಯೂ ರೈಸರ ಮನಸ್ಸು ಈ ನೆಲವನ್ನು ಬಿಡಲಿಲ್ಲ. ಶಾಸನಗಳ ಆಧಾರದಿಂದ ಮೈಸೂರು ಮತ್ತು ಕೊಡಗುಗಳ ಚರಿತ್ರೆಯನ್ನು ಬರೆದು 1909ರಲ್ಲಿ ಪ್ರಕಟಿಸಿದರು. 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರವಿರುವಾಗ, ಹ್ಯಾರೋ ಎಂಬ ಊರಿನಲ್ಲಿ ತೀರಿಕೊಂಡರು. ಹಯವದನರಾಯರ ಹೊಸ ಮೈಸೂರು ಗೆಜೆಟಿಯರು ಪ್ರಕಟವಾಗಲು ತೊಡಗಿದ್ದು ಅದೇ ವರ್ಷ.

ಅವರು ಬರೆದ ಜಿಲ್ಲೆಗಳ ಗಡಿಗಳು ಈಗ ಬದಲಾಗಿವೆ. ಶಿವಮೊಗ್ಗದ ಹೊನ್ನಾಳಿ, ಚನ್ನಗಿರಿಗಳೂ ಚಿತ್ರದುರ್ಗದ ಜಗಳೂರೂ 1997ರಲ್ಲಿ ರಚಿತವಾದ ದಾವಣಗೆರೆ ಜಿಲ್ಲೆಯಲ್ಲಿ ಒಂದುಗೂಡಿವೆ. ನ್ಯಾಮತಿ ಈಚಿನ ವರ್ಷಗಳಲ್ಲಿ ತಾನೇ ಒಂದು ತಾಲ್ಲೂಕಾಗಿದೆ. ಬೇರೆ ಬೇರೆ ಸಂಪುಟಗಳಲ್ಲಿ ಹಂಚಿಹೋಗಿದ್ದ ಈ ಊರುಗಳು ಈಗ ಒಂದೇ ಜಿಲ್ಲೆಯ ನೆರೆಹೊರೆಯವರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಶಾಸನ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು ಹೊರತರಲು ಕೈಹಾಕಿ, ರೈಸರು ತೆಗೆದ ದಾರಿಯನ್ನು ಅಗಲಗೊಳಿಸಿತು.

ಪ್ರವಾಸದ ಕೈಪಿಡಿ ಬೇಗ ಹಳತಾಗುತ್ತದೆ. ತಂಗುವ ಮನೆ ಮುಚ್ಚುತ್ತದೆ, ಬಾಡಿಗೆ ಏರುತ್ತದೆ, ದಾರಿ ತಿರುಗುತ್ತದೆ. ರೈಸರ ಸಂಪುಟಗಳು ಹಾಗಾಗಲಿಲ್ಲ. ಅವರು ಓದಿದ ಕಲ್ಲುಗಳಲ್ಲಿ ಕೆಲವು ಇಂದು ಸವೆದಿರಬಹುದು, ಕೆಲವು ಸ್ಥಳದಲ್ಲಿಯೇ ಇಲ್ಲದಿರಬಹುದು. ಅವುಗಳ ಮಾತು ಮಾತ್ರ ಪುಸ್ತಕದಲ್ಲಿ ಉಳಿದಿದೆ. ನಮ್ಮ ಹಳ್ಳಿಯ ಶಾಲೆಗಳ ಉಪಾಧ್ಯಾಯರು ಒಂದು ದಿನ ಮಕ್ಕಳನ್ನು ಕರೆದುಕೊಂಡು, ಆ ಸಂಪುಟದ ಒಂದೆರಡು ಪುಟಗಳನ್ನು ಬರೆದುಕೊಂಡು, ಊರ ಹೊರಗಿನ ವೀರಗಲ್ಲಿನ ಬಳಿಗೆ ಹೋಗಿ ಓದಿಸಿದರೆ, ದೂರದೇಶಗಳನ್ನು ಸುತ್ತಿ ಬಂದಷ್ಟೇ ವಿಸ್ಮಯ ಅವರಿಗೆ ಅಲ್ಲಿ ದೊರೆತೀತು.