ಗದ್ದೆ, ಹೊಲ, ತೋಟ: ಬುಕಾನನ್ ಸಾಹೇಬ ಬರೆದಿಟ್ಟ ಲೆಕ್ಕ

ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ಸುತ್ತ ಮತ್ತು ನಂಜನಗೂಡಿನ ಸುತ್ತ ಇನ್ನೂರು ವರ್ಷಗಳ ಹಿಂದೆ ರೈತರು ಏನು ಬೆಳೆಯುತ್ತಿದ್ದರು, ಹೇಗೆ ಬೆಳೆಯುತ್ತಿದ್ದರು ಎಂಬುದನ್ನು ತಿಳಿಯಬೇಕಾದವರು ಇಂದಿಗೂ ಮೊದಲು ಹುಡುಕುವುದು ಒಬ್ಬ ವಿದೇಶಿ ವೈದ್ಯನ ಪುಸ್ತಕವನ್ನು. ಆತನ ಹೆಸರು ಫ್ರಾನ್ಸಿಸ್ ಬುಕಾನನ್. ಚರಿತ್ರೆ ಓದಿದವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಆದರೆ ಆತ ಬರೆದದ್ದರಲ್ಲಿ ಬಹುಪಾಲು ಬೇಸಾಯದ ವಿಚಾರವಾದ್ದರಿಂದ ಚರಿತ್ರೆಕಾರರಿಗಿಂತ ರೈತರೇ ಆತನನ್ನು ಹೆಚ್ಚಾಗಿ ತಿಳಿದಿರಬೇಕಿತ್ತು.

ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನ ಪರ್ತ್ ಸೀಮೆಯ ಕ್ಯಾಲಂಡರ್ ಪ್ರದೇಶದಲ್ಲಿ. ತಂದೆ ವೈದ್ಯ, ತಾಯಿಯ ಕಡೆ ಜಮೀನು ಇತ್ತು. ಮನೆಯಲ್ಲಿ ಈತ ಕಿರಿಯವನಾದ್ದರಿಂದ ಆಸ್ತಿ ಕೈಗೆ ಬರುವಂತಿರಲಿಲ್ಲ. ಎಡಿನ್‌ಬರೋದಲ್ಲಿ ವೈದ್ಯ ವಿದ್ಯೆ ಕಲಿತು 1783ರಲ್ಲಿ ಪದವಿ ಪಡೆದ. ಅಲ್ಲಿಯೇ ಜಾನ್ ಹೋಪ್ ಎಂಬ ಪ್ರಾಧ್ಯಾಪಕರಿಂದ ಸಸ್ಯಶಾಸ್ತ್ರದ ರುಚಿ ಹತ್ತಿತು. ಆ ಕಾಲದಲ್ಲಿ ಗಿಡಗಳನ್ನು ಹೂವಿನ ಅಂಗಾಂಗ ನೋಡಿ ವರ್ಗ ಮಾಡುವ ಲಿನ್ನೇಯಸ್ ಪದ್ಧತಿ ಎಲ್ಲೆಡೆ ಹಬ್ಬಿತ್ತು. ಯಾವುದನ್ನು ಕಂಡರೂ ಅದು ಯಾವ ಗುಂಪಿಗೆ ಸೇರಿದ್ದು ಎಂದು ಕೇಳುವ ಅಭ್ಯಾಸ ಬುಕಾನನ್‌ನಿಗೆ ಅಲ್ಲಿಂದ ಬಂತು. ಮುಂದೆ ನಮ್ಮ ಹೊಲಗಳನ್ನು ಆತ ನೋಡಿದ್ದೂ ಇದೇ ಕಣ್ಣಿನಿಂದ.

ಕೆಲವು ವರ್ಷ ಹಡಗಿನ ವೈದ್ಯನಾಗಿ ದುಡಿದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಇಲಾಖೆ ಸೇರಿದ. ಮರುವರ್ಷ ಬರ್ಮಾ ದೇಶದ ರಾಜಧಾನಿಗೆ ಹೋದ ರಾಯಭಾರದ ಜೊತೆ ಹೋಗಿ ಬಂದ. 1798ರಲ್ಲಿ ಚಿತ್ತಗಾಂಗ್ ಕಡೆಯ ಬೆಟ್ಟಗಳನ್ನು ಸುತ್ತಿದ. ಅಷ್ಟರಲ್ಲಿ 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದಿದ್ದ. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಿ ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸುತ್ತಿದ್ದರು. ಗೆದ್ದ ನಾಡಿನಲ್ಲಿ ಏನೇನಿದೆ ಎಂದು ಕಂಪನಿಗೆ ತಿಳಿಯಬೇಕಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ 1800ರ ಫೆಬ್ರವರಿಯಲ್ಲಿ ಬುಕಾನನ್‌ನಿಗೆ ಆಜ್ಞೆ ಕೊಟ್ಟ. ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ವರದಿ ಒಪ್ಪಿಸಬೇಕು, ಮೊದಲ ಗಮನ ಬೇಸಾಯಕ್ಕೆ ಕೊಡಬೇಕು ಎಂಬುದು ಅದರ ಸಾರ. ಯಾವ ಬೆಳೆ, ಯಾವ ಗೊಬ್ಬರ, ಯಾವ ನೇಗಿಲು, ಎಂಥ ದನ, ಹಿಡುವಳಿ ಎಷ್ಟು ದೊಡ್ಡದು, ಆಳಿಗೆ ಕೂಲಿ ಎಷ್ಟು, ಹತ್ತಿ, ಮೆಣಸು, ಗಂಧ, ಏಲಕ್ಕಿ ಎಲ್ಲಿ ಸಿಗುತ್ತವೆ ಎಂಬ ಉದ್ದನೆಯ ಪಟ್ಟಿ ಅದರ ಜೊತೆ ಇತ್ತು.

ಇದು ರೈತರ ಉದ್ಧಾರಕ್ಕಾಗಿ ಮಾಡಿದ ಸಮೀಕ್ಷೆಯಲ್ಲ. ಕಂದಾಯ ಎಷ್ಟು ಬರಬಹುದು, ಯಾವ ಸರಕು ಸಿಗಬಹುದು ಎಂಬುದೇ ಕಂಪನಿಯ ಲೆಕ್ಕಾಚಾರ. ಬುಕಾನನ್ ನಮ್ಮ ರೈತರ ಬಗ್ಗೆ ಹಲವು ಕಡೆ ತಾತ್ಸಾರದಿಂದ ಬರೆದಿದ್ದಾನೆ. ಟಿಪ್ಪುವಿನ ಆಡಳಿತದ ಬಗ್ಗೆ ಬರೆಯುವಾಗಲಂತೂ ಗೆದ್ದವರ ಕಡೆಯವನು ಎಂಬುದನ್ನು ಮರೆಸುವುದಿಲ್ಲ. ಇಷ್ಟಿದ್ದರೂ ಆತನ ಕಣ್ಣು ಚುರುಕಾಗಿತ್ತು, ಕೈ ಸೋಮಾರಿಯಾಗಿರಲಿಲ್ಲ. ಆ ಎರಡು ಗುಣಗಳಿಂದಾಗಿ ಪುಸ್ತಕ ಉಳಿದಿದೆ.

1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ನೋಡಿಕೊಂಡು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾವೇರಿಯ ದಕ್ಷಿಣಕ್ಕೆ ಬಂದ. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಮೇಲೆ ಹಾದು ನಂಜನಗೂಡು, ತಾಯೂರು, ನರಸೀಪುರಗಳನ್ನು ಮುಟ್ಟಿ, ಕೊಳ್ಳೇಗಾಲದ ಮೇಲೆ ಕೊಯಮತ್ತೂರು ಸೀಮೆಗೆ ಇಳಿದ. ಭಾಷೆ ಬಾರದು, ದುಭಾಷಿಯೇ ಆಧಾರ. ತಂಗಿದ ಊರಿನಲ್ಲಿ ಗೌಡರನ್ನೂ ಶಾನುಭೋಗರನ್ನೂ ಬೇಸಾಯಗಾರರನ್ನೂ ಕರೆಸಿ ಪ್ರಶ್ನೆ ಕೇಳಿ, ದಿನದಿನವೂ ಬರೆದಿಡುವುದು ಆತನ ಕ್ರಮ. ಕಂದಾಯ ಏರಿಸಲು ಬಂದವನೆಂದು ಶಂಕಿಸಿ ಜನ ಇಳುವರಿಯನ್ನು ಕಡಿಮೆ ಹೇಳುತ್ತಿದ್ದರು. ಇದು ಆತನಿಗೂ ಗೊತ್ತಿತ್ತು. ಆದ್ದರಿಂದ ಕೆಲವು ಕಡೆ ತಾನೇ ಗದ್ದೆ ಅಳೆಸಿದ, ಕಾಳು ತೂಗಿಸಿದ. ನಾವು ಬೆಳೆ ಕಟಾವು ಪ್ರಯೋಗ ಎಂದು ಕರೆಯುವ ಕೆಲಸಕ್ಕೆ ಇದು ಅಜ್ಜನಿದ್ದಂತೆ.

ಅಳತೆಯೇ ಆತನಿಗೆ ದೊಡ್ಡ ತಲೆನೋವಾಯಿತು. ನಮ್ಮವರು ಜಮೀನನ್ನು ಉದ್ದಗಲದಿಂದ ಅಳೆಯುತ್ತಿರಲಿಲ್ಲ, ಬಿತ್ತುವ ಬೀಜದಿಂದ ಅಳೆಯುತ್ತಿದ್ದರು. ಇಷ್ಟು ಕೊಳಗದ ಹೊಲ, ಇಷ್ಟು ಖಂಡುಗದ ಗದ್ದೆ ಎಂಬುದು ಮಾತು. ಖಂಡುಗವೋ ಊರಿಂದ ಊರಿಗೆ ಬೇರೆ. ಅದನ್ನೆಲ್ಲ ಎಕರೆಗೆ ತರಲು ಬುಕಾನನ್ ಪಟ್ಟ ಪಾಡನ್ನು ಪುಟಪುಟದಲ್ಲೂ ಕಾಣಬಹುದು.

ಆತ ಮಾಡಿದ ದೊಡ್ಡ ಕೆಲಸವೆಂದರೆ ನಮ್ಮ ರೈತರದೇ ವಿಂಗಡಣೆಯನ್ನು ಅವರದೇ ಹೆಸರುಗಳಲ್ಲಿ ಬರೆದಿಟ್ಟದ್ದು. ನೀರು ನಿಲ್ಲಿಸಿ ಬೆಳೆಯುವುದು ಗದ್ದೆ, ಮಳೆ ನಂಬಿದ್ದು ಹೊಲ, ಬಾವಿ ಕಾಲುವೆ ನೀರಿನಲ್ಲಿ ಬಗೆಬಗೆಯ ಗಿಡ ಸಾಕುವುದು ತೋಟ. ಬೆಂಗಳೂರು ಕಡೆಯ ತೋಟಗಳನ್ನು ತರಕಾರಿ ತೋಟ, ತೆಂಗಿನ ತೋಟ, ಎಲೆ ತೋಟ, ಹೂವಿನ ತೋಟ ಎಂದು 4 ಬಗೆ ಮಾಡಿದ. ಮಣ್ಣನ್ನು ಎರೆ, ಕೆಬ್ಬೆ, ಮರಳು ಎಂದು ಬೇರ್ಪಡಿಸಿದ. ಭತ್ತದಲ್ಲಿ ಹೈನು, ಕಾರು ಎಂಬ ಎರಡು ಫಸಲುಗಳನ್ನೂ, ಒಣಬೀಜ ಬಿತ್ತುವುದು, ಮೊಳಕೆ ಬರಿಸಿ ಚೆಲ್ಲುವುದು, ಸಸಿ ಕಿತ್ತು ನಾಟಿ ಮಾಡುವುದು ಎಂಬ 3 ವಿಧಾನಗಳನ್ನೂ ಗುರುತಿಸಿದ. ಒಣಬೀಜದ ಬಿತ್ತನೆಯನ್ನು ಹೊಸ ಪದ್ಧತಿಯೆಂದು ಪ್ರಾತ್ಯಕ್ಷಿಕೆಗಳಲ್ಲಿ ಹೇಳುವ ನಮ್ಮಂಥವರು ಆ ಪುಟಗಳನ್ನೊಮ್ಮೆ ನೋಡುವುದು ಒಳ್ಳೆಯದು.

ಹೊಲದ ಬೆಳೆಗಳಲ್ಲಿ ರಾಗಿಗೆ ಮೊದಲ ಸ್ಥಾನ ಕೊಟ್ಟ. ಕರಿ, ಕೆಂಪು ಮುಂತಾದ ತಳಿಗಳನ್ನು ಹೆಸರಿಸಿದ. ಕೂರಿಗೆಯಲ್ಲಿ ರಾಗಿ ಬಿತ್ತುವಾಗ ಹಿಂದೊಂದು ಬಿದಿರು ಕೊಳವೆ ಕಟ್ಟಿ, ಅಷ್ಟು ಸಾಲಿಗೊಂದು ಸಾಲು ಅವರೆ ಇಲ್ಲವೆ ತೊಗರಿ ಬಿಡುವುದನ್ನು ಆತ ಬಹು ಎಚ್ಚರದಿಂದ ವಿವರಿಸಿದ್ದಾನೆ. ನಾವು ಅಕ್ಕಡಿ ಎನ್ನುವುದು ಇದನ್ನೇ. ಉಪಕರಣಗಳ ಚಿತ್ರಗಳನ್ನೂ ಬರೆಸಿ ಅಚ್ಚು ಹಾಕಿಸಿದ. ಆದರೆ ಇಲ್ಲೊಂದು ಮಾತಿದೆ. ಆತನ ಲೆಕ್ಕದಲ್ಲಿ ಆ ಹೊಲ ರಾಗಿಯ ಹೊಲ, ಅವರೆ ಅದರೊಳಗೆ ಸೇರಿದ್ದು. ಮನೆಯ ಹೆಂಗಸರನ್ನು ಕೇಳಿದ್ದರೆ ಅವರೆಯನ್ನು ಅಷ್ಟು ಹಗುರವಾಗಿ ಬದಿಗೆ ಸರಿಸುತ್ತಿರಲಿಲ್ಲವೆಂದು ನನ್ನ ಅನಿಸಿಕೆ.

ಈ ವಿಂಗಡಣೆಯ ಪ್ರಶ್ನೆ ಬುಕಾನನ್ ಜೊತೆಗೆ ಮುಗಿಯಲಿಲ್ಲ. 1860ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಭೂ ಮೋಜಣಿ ಆರಂಭವಾಗಿ ಖುಷ್ಕಿ, ತರಿ, ಬಾಗಾಯ್ತು ಎಂದು ಜಮೀನಿಗೆ ದರ ಕಟ್ಟಿದರು. ಹೊಲ, ಗದ್ದೆ, ತೋಟಗಳಿಗೆ ಕಚೇರಿಯ ಹೆಸರು ಬಂತು, ಅಷ್ಟೆ. ಇಂದಿನ ಪಹಣಿಯಲ್ಲೂ ಅವು ಇವೆ. ಆದರೆ ಇವು ಜಮೀನಿನ ಜಾತಿಯನ್ನು ಹೇಳುತ್ತವೆಯೇ ಹೊರತು ಬೇಸಾಯಗಾರ ಯಾವ ಬಗೆಯ ಬೇಸಾಯಗಾರ ಎಂಬುದನ್ನಲ್ಲ. ಕೃಷಿ ಗಣತಿಯಾದರೆ ಹಿಡುವಳಿಯ ಗಾತ್ರ ನೋಡುತ್ತದೆ. 1 ಹೆಕ್ಟೇರಿಗಿಂತ ಕಡಿಮೆಯಾದರೆ ಅತಿ ಸಣ್ಣ, 2 ಹೆಕ್ಟೇರಿನ ಒಳಗಾದರೆ ಸಣ್ಣ, ಹೀಗೆ.

ಬೇಸಾಯವನ್ನೂ ಒಂದು ಉದ್ಯಮವೆಂದು ಹಿಡಿದು ವರ್ಗ ಮಾಡುವುದು ಬೇರೆಯೇ ಕ್ರಮ. ವಿಶ್ವಸಂಸ್ಥೆಯ ಪದ್ಧತಿಯನ್ನು ಅನುಸರಿಸಿ ಭಾರತದಲ್ಲಿ 2008ರ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣವೆಂಬುದು ಬಂದಿದೆ. ಅದರಲ್ಲಿ ಒಂದು ಹಂಗಾಮು ಅಥವಾ ವರ್ಷದ ಬೆಳೆ ಒಂದು ಗುಂಪು, ಬಹುವಾರ್ಷಿಕ ಬೆಳೆ ಇನ್ನೊಂದು, ಪಶುಪಾಲನೆ ಮತ್ತೊಂದು, ಮಿಶ್ರ ಬೇಸಾಯ ಬೇರೊಂದು. ಮಿಶ್ರ ಎಂದರೆ ಇಲ್ಲಿ ಅಕ್ಕಡಿಯಲ್ಲ, ಇದನ್ನು ಗಮನಿಸಬೇಕು. ರಾಗಿಯ ಜೊತೆ ಅವರೆ, ತೊಗರಿ, ಹುಚ್ಚೆಳ್ಳು ಎಷ್ಟೇ ಹಾಕಿದರೂ ಅದು ಬೆಳೆ ಬೇಸಾಯವೇ. ಬೆಳೆ ಮತ್ತು ಪಶು ಎರಡೂ ಇದ್ದು, ಯಾವುದೊಂದರ ಪಾಲೂ ಮೂರರಲ್ಲಿ ಎರಡು ಭಾಗ ಮುಟ್ಟದಿದ್ದರೆ ಮಾತ್ರ ಮಿಶ್ರ ಬೇಸಾಯ. ಖರ್ಚು ಕಳೆದ ಆದಾಯ 100 ರೂಪಾಯಿ ಎನ್ನಿ. ಭತ್ತದಿಂದ 70, ಹಾಲಿನಿಂದ 30 ಬಂದರೆ ಆತ ಭತ್ತದ ಬೇಸಾಯಗಾರ. 60 ಮತ್ತು 40 ಆದರೆ ಮಿಶ್ರ ಬೇಸಾಯಗಾರ. ಹಸು ಬತ್ತಿದ ವರ್ಷ ಅದೇ ಮನುಷ್ಯ ಮತ್ತೆ ಬೇರೆ ಗುಂಪಿಗೆ ಹೋಗಬಹುದು!

ನಮ್ಮ ನರಸೀಪುರದ ರೇಷ್ಮೆ ಬೆಳೆಗಾರರು ಇನ್ನೂ ಸೋಜಿಗ. ಹಿಪ್ಪುನೇರಳೆ ಗಿಡ ಬೆಳೆ, ಆದರೆ ಹುಳು ಸಾಕಣೆ ಈ ವರ್ಗೀಕರಣದಲ್ಲಿ ಪ್ರಾಣಿ ಸಾಕಣೆಯ ಪಂಗಡ. ಗೂಡು ಮಾರಿ ಬದುಕುವ ರೈತ, ಲೆಕ್ಕದಲ್ಲಿ ದನ ಕುರಿ ಸಾಕುವವರ ಸಾಲಿನಲ್ಲಿ ಕೂರುತ್ತಾನೆ. ಕೃಷಿ ಹೊಂಡದಲ್ಲಿ ಮೀನು ಬಿಟ್ಟರೆ ಅದು ಮತ್ತೊಂದು ವಿಭಾಗ.

ಒಂದೇ ವಿಶೇಷ ಬೆಳೆಗೆ ಅಂಟಿಕೊಂಡರೆ ಆಗುವುದೇನು ಎಂಬುದಕ್ಕೆ ನಂಜನಗೂಡಿನ ರಸಬಾಳೆಯೇ ಸಾಕ್ಷಿ. ಹೆಸರು ದೇಶಕ್ಕೆಲ್ಲ ಹಬ್ಬಿ, ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಪನಾಮಾ ಸೊರಗು ರೋಗ ಮಣ್ಣಿಗೆ ಹೊಕ್ಕ ಮೇಲೆ ತೋಟಗಳು ಒಂದೊಂದಾಗಿ ಖಾಲಿಯಾದವು. ರೋಗ ತಗುಲಿದ ತೋಟದ ಕಂದನ್ನೇ ಮತ್ತೆ ಮತ್ತೆ ನೆಟ್ಟದ್ದರಿಂದ ಅದು ಇನ್ನಷ್ಟು ಹರಡಿತು. ಬದಿಯಲ್ಲಿ ಬೇರೆ ಬೆಳೆ, ಕೊಟ್ಟಿಗೆಯಲ್ಲಿ ಎರಡು ದನ ಇದ್ದವರು ತಡೆದುಕೊಂಡರು.

ಅಕ್ಕಡಿ ಬೆಳೆಯುವವರಿಗೆ ಇದರಲ್ಲಿ ಕೈಯಾರೆ ನೋಡಿಕೊಳ್ಳಬೇಕಾದ ಒಂದು ವಿಷಯವಿದೆ. ಬೆಳೆ ಸಮೀಕ್ಷೆಯಲ್ಲಿ ರಾಗಿಯನ್ನಷ್ಟೇ ಬರೆದು ತೊಗರಿಯನ್ನು ಬಿಡುವುದು ಬುಕಾನನ್ ಕಾಲದಿಂದ ಬಂದ ರೂಢಿ ಎನ್ನಬೇಕು. ಆದರೆ ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ತೊಗರಿ ಒಯ್ದಾಗ ದಾಖಲೆಯಲ್ಲಿ ತೊಗರಿ ಇಲ್ಲದಿದ್ದರೆ ಚೀಲ ಹೊತ್ತು ಹಿಂದಿರುಗಬೇಕಾಗುತ್ತದೆ. ಪಹಣಿಯಲ್ಲಿ ಮಿಶ್ರ ಬೆಳೆಗೂ ಜಾಗ ಉಂಟು. ಸಮೀಕ್ಷೆಯ ದಿನ ಹೊಲದ ಬದುವಿನಲ್ಲಿ ನಿಂತು ಎರಡು ಬೆಳೆಯನ್ನೂ ಬರೆಸಿ, ಫೋಟೋದಲ್ಲಿ ಎರಡೂ ಬೀಳುವಂತೆ ನೋಡಿಕೊಳ್ಳಿ.

ಬುಕಾನನ್‌ನ ಪ್ರವಾಸ 1801ರಲ್ಲಿ ಮುಗಿಯಿತು. ಮೈಸೂರು ಸೀಮೆಯಲ್ಲಿ ಕೂಡಿಸಿದ ಗಿಡದ ಮಾದರಿಗಳನ್ನು ಸಹಪಾಠಿಯಾಗಿದ್ದ ಸಸ್ಯಶಾಸ್ತ್ರಜ್ಞ ಜೇಮ್ಸ್ ಎಡ್ವರ್ಡ್ ಸ್ಮಿತ್‌ಗೆ ಕೊಟ್ಟ. ದಿನಚರಿಯು 1807ರಲ್ಲಿ ಲಂಡನ್ನಿನಲ್ಲಿ 3 ಸಂಪುಟಗಳಾಗಿ ಅಚ್ಚಾಯಿತು. ತಿದ್ದಿ ಅಡಕ ಮಾಡದೆ ದಿನಚರಿಯ ರೂಪದಲ್ಲೇ ಅಚ್ಚಾದ್ದರಿಂದ ಓದುವುದು ಪ್ರಯಾಸ. ಒಂದೇ ವಿಷಯ ಹತ್ತು ಕಡೆ ಬರುತ್ತದೆ. ಆದರೆ ಊರೂರಿನ ವ್ಯತ್ಯಾಸ ಉಳಿದದ್ದೂ ಅದರಿಂದಲೇ.

ನಡುವೆ ಆತ ನೇಪಾಳಕ್ಕೆ ಹೋಗಿ ಬಂದಿದ್ದ. 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳ ಸಮೀಕ್ಷೆ ಮಾಡಿದ. ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾಗಿ ಅಲ್ಪಕಾಲ ಇದ್ದು, 1815ರಲ್ಲಿ ತಾಯ್ನಾಡಿಗೆ ಹೊರಟಾಗ, ಜೀವನವಿಡೀ ಕೂಡಿಸಿದ ಸಸ್ಯಚಿತ್ರಗಳನ್ನು ಗವರ್ನರ್ ಜನರಲ್ ಸರ್ಕಾರದ ಸ್ವತ್ತೆಂದು ಇಟ್ಟುಕೊಂಡ. ಮುಪ್ಪಿನಲ್ಲಿ ಈ ನೋವು ಆತನನ್ನು ಕಾಡಿತು. 1818ರಲ್ಲಿ ತಾಯಿಯ ಕಡೆಯ ಆಸ್ತಿ ಬಂದು, ಅದರೊಡನೆ ಹ್ಯಾಮಿಲ್ಟನ್ ಎಂಬ ಹೆಸರೂ ಬಂತು. 1822ರಲ್ಲಿ ಗಂಗಾ ನದಿಯ ಮೀನುಗಳ ಮೇಲೆ ಗ್ರಂಥ ಪ್ರಕಟಿಸಿದ. ನಮ್ಮ ಕೆರೆಗಳಿಗೆ ಬಿಡುವ ಕಾಟ್ಲಾ, ರೋಹು ಮೀನುಗಳಿಗೆ ಶಾಸ್ತ್ರೀಯ ಹೆಸರಿಟ್ಟವನು ಈತನೇ. ಆ ಹೆಸರುಗಳ ಮುಂದೆ ಇಂದಿಗೂ ಹ್ಯಾಮಿಲ್ಟನ್ ಎಂದು ಬರೆಯುತ್ತಾರೆ.

1829ರ ಜೂನ್ 15ರಂದು, 67ನೆಯ ವಯಸ್ಸಿನಲ್ಲಿ ಬುಕಾನನ್ ತೀರಿಕೊಂಡ. ಪುಸ್ತಕ ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಊರಿನ ಹೆಸರು ಹುಡುಕುವವರು ಆತನ ಕಾಗುಣಿತವನ್ನು ತಿಳಿದಿರಬೇಕು. ನಂಜನಗೂಡನ್ನು ನುಂಜಿನಗೋಡು ಎಂದೂ ನರಸೀಪುರವನ್ನು ನರಸಿಂಗಪುರ ಎಂದೂ ಬರೆದಿದ್ದಾನೆ.