ಮಿತಿಯನ್ನೊಪ್ಪಿದ ಪ್ರಭು: ಶ್ರೀ ಜಯಚಾಮರಾಜೇಂದ್ರ ಒಡೆಯರ್

ಸಪ್ತವ್ಯಸನಗಳಲ್ಲಿ ಬೇಟೆಯೂ ಒಂದೆಂದು ಶ್ರಾವಕಾಚಾರದ ಗ್ರಂಥಗಳು ಎಣಿಸುತ್ತವೆ. ಆದರೆ ಜೂಜು, ಕಳ್ಳತನ, ಮದ್ಯಪಾನಗಳಿಗೆ ಅಂಟಿದ ಅಪಕೀರ್ತಿ ಲೋಕದಲ್ಲಿ ಬೇಟೆಗೆ ಬಹುಕಾಲ ಅಂಟಲಿಲ್ಲ. ಅರಸುಮಕ್ಕಳಿಗೆ ಅದು ವಿದ್ಯೆ. ಬಂದ ಅತಿಥಿಗಳಿಗೆ ಸತ್ಕಾರ. ಅರಮನೆಯ ಗೋಡೆಗಳಿಗೆ ಅಲಂಕಾರ. ಇಂತಹ ವಾತಾವರಣದಲ್ಲಿ ಹುಟ್ಟಿ, ಕೋವಿವಿದ್ಯೆಯಲ್ಲಿ ನುರಿತು, ಮುಂದೆ ದೇಶದ ವನ್ಯಜೀವಿಗಳ ರಕ್ಷಣೆಗೆಂದು ಏರ್ಪಟ್ಟ ಮೊದಲ ರಾಷ್ಟ್ರೀಯ ಮಂಡಲಿಯ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರವರು. ಅವರ ಜೀವನವನ್ನು ಬೇಟೆಯ ಕಾನೂನು ಬದಲಾದ ಬಗೆಯೊಡನೆ ಇಟ್ಟು ನೋಡಿದರೆ, ವ್ರತಕ್ಕೂ ಕಾನೂನಿಗೂ ಇರುವ ನಂಟು, ಅಂತರಗಳೆರಡೂ ವಾಚಕರಿಗೆ ಸ್ಪಷ್ಟವಾಗುತ್ತವೆ.

ಶ್ರೀಯುತರು ಜನಿಸಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ತಾಯಿ ಕೆಂಪು ಚೆಲುವಾಜಮ್ಮಣ್ಣಿಯವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ವ್ಯಾಸಂಗಮಾಡಿ 1938ರಲ್ಲಿ ಪದವೀಧರರಾದರು. 1940ರ ಮಾರ್ಚಿಯಲ್ಲಿ ತಂದೆ ಮುಂಬಯಿಯಲ್ಲಿ ತೀರಿಕೊಂಡರು. ಅದೇ ವರ್ಷ ಆಗಸ್ಟ್ 3ರಂದು ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ಕಾಲವಶರಾದರು. ಹೀಗೆ ಐದು ತಿಂಗಳೊಳಗೆ ಎರಡು ಆಸರೆಗಳನ್ನು ಕಳೆದುಕೊಂಡ ಇಪ್ಪತ್ತೊಂದರ ತರುಣರು ಸೆಪ್ಟೆಂಬರ್ 8ರಂದು ಸಿಂಹಾಸನವನ್ನೇರಿದರು.

ಅವರ ಪಾಲಿಗೆ ಬಂದ ರಾಜ್ಯದಲ್ಲಿ ಬೇಟೆಗೆ ಕಟ್ಟಳೆ ಇರಲಿಲ್ಲವೆಂದಲ್ಲ. ಮೈಸೂರು ಸಂಸ್ಥಾನವು 1901ರಷ್ಟು ಹಿಂದೆಯೇ ಬೇಟೆಯ ಪ್ರಾಣಿಗಳ ಹಾಗೂ ಮೀನುಗಳ ಸಂರಕ್ಷಣೆಗಾಗಿ ಒಂದು ರೆಗ್ಯುಲೇಷನ್ ಹೊರಡಿಸಿತ್ತು. ಅಂತಹ ಕಾನೂನುಗಳ ತಿರುಳು ನಿಷೇಧವಲ್ಲ, ನಿಯಮನ. ಇಂಥ ಕಾಲದಲ್ಲಿ ಬೇಡ, ಇಂಥ ವಿಧಾನದಿಂದ ಬೇಡ, ಪರವಾನಗಿ ಇಲ್ಲದೆ ಬೇಡ ಎಂಬುದಷ್ಟೇ ಅದರ ಆಶಯ. ಮಳೆಗಾಲದಲ್ಲಿ ಜೀವೋತ್ಪತ್ತಿ ಹೆಚ್ಚೆಂದು ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನೆಲೆಸುತ್ತಾರೆ. ಮರಿಹಾಕುವ, ಮೊಟ್ಟೆಯಿಡುವ ಕಾಲದಲ್ಲಿ ಬೇಟೆಗಾರನನ್ನು ತಡೆಯುವ ಕಾನೂನೂ ಹೊರನೋಟಕ್ಕೆ ಹಾಗೆಯೇ ಕಾಣುತ್ತದೆ. ಆದರೆ ಒಂದರ ಗುರಿ ಜೀವದ ಮೇಲಿನ ಕರುಣೆ. ಮತ್ತೊಂದರ ಗುರಿ ಮುಂದಿನ ವರ್ಷದ ಬೇಟೆಗೆ ಪ್ರಾಣಿ ಉಳಿಯಬೇಕೆಂಬುದು. ನಿಯಮ ಒಂದೇ ರೂಪದ್ದಾದರೂ ಭಾವ ಬೇರೆ.

ಅರಮನೆಯ ಬೇಟೆಗೆಂದು ಕಾದಿರಿಸಿದ್ದ ಬಂಡೀಪುರದ ಕಾಡಿನಲ್ಲಿ 1931ರಲ್ಲಿ ಸುಮಾರು 90 ಚದರ ಕಿಲೋಮೀಟರು ಪ್ರದೇಶವನ್ನು ಅಭಯಾರಣ್ಯವಾಗಿ ಬೇರ್ಪಡಿಸಲಾಗಿತ್ತು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯಂತೆ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಜಯಚಾಮರಾಜೇಂದ್ರರು ಪಟ್ಟವೇರಿದ ಮರುವರ್ಷ, ಎಂದರೆ 1941ರಲ್ಲಿ, ಬಂಡೀಪುರದ ರಕ್ಷಿತ ಪ್ರದೇಶವು ಸುಮಾರು 800 ಚದರ ಕಿಲೋಮೀಟರಿಗೆ ವಿಸ್ತರಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂಬ ಹೆಸರು ಪಡೆಯಿತು. ಹಿಮವದ್ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರದು. ನಂಜನಗೂಡು ಸೀಮೆಯ ಹೆಮ್ಮರಗಾಲದಲ್ಲಿ ಸಂತಾನ ವೇಣುಗೋಪಾಲನಾಗಿ ಪೂಜೆಗೊಳ್ಳುವ ಸ್ವಾಮಿಯೇ ಇತ್ತ ಕಾಡಿಗೂ ಹೆಸರು ಕೊಟ್ಟಂತಾಯಿತು. ಗೋವುಗಳನ್ನು ಕಾಯುವ ದೇವರ ಹೆಸರಿನಲ್ಲಿ ಹುಲಿ, ಆನೆಗಳಿಗೂ ನೆಲೆ ದೊರೆಯಿತು.

ಇಷ್ಟರಿಂದ ಮಹಾರಾಜರು ಕೋವಿಯನ್ನು ಕೆಳಗಿಟ್ಟರೆಂದು ತಿಳಿಯಲಾಗದು. ಅವರು ಹೆಸರಾಂತ ಗುರಿಕಾರರು. ಪುಂಡಾನೆಯೋ ನರಭಕ್ಷಕ ಹುಲಿಯೋ ಹಳ್ಳಿಗಳಿಗೆ ಕಂಟಕವಾದಾಗ ಪ್ರಜೆಗಳು ಅವರಲ್ಲಿಗೇ ಮೊರೆ ಹೋಗುತ್ತಿದ್ದರು. ಅವರು ಹೊಡೆದ ಪ್ರಾಣಿಗಳ ತಲೆ, ತೊಗಲುಗಳು ಅರಮನೆಯ ಸಂಗ್ರಹದಲ್ಲಿ ಸೇರಿವೆ. ಜೈನಾಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಪ್ರಜೆಯ ಪ್ರಾಣವನ್ನುಳಿಸಲು ಅರಸನು ಆಯುಧವೆತ್ತಿದರೆ ಅದು ವಿರೋಧೀ ಹಿಂಸೆ. ಗೃಹಸ್ಥನಿಗೆ ಅದು ಸರ್ವಥಾ ತಪ್ಪಿಸಲಾಗದ್ದು. ವಿನೋದಕ್ಕಾಗಿ ಕೊಂದರೆ ಅದು ಸಂಕಲ್ಪೀ ಹಿಂಸೆ. ಅಣುವ್ರತಿಯು ಮೊದಲು ತೊರೆಯಬೇಕಾದದ್ದು. ಒಬ್ಬನೇ ವ್ಯಕ್ತಿಯ ಕೈಯಲ್ಲಿ ಈ ಎರಡೂ ಕೂಡಿದ್ದವೆಂಬುದನ್ನು ಮರೆಮಾಚಿದರೆ ಚರಿತ್ರೆಗೆ ಅಪಚಾರವಾದೀತು.

ಅವರ ಜೀವನದ ವಿಶೇಷವಿರುವುದು ಬೇರೆಡೆಯಲ್ಲಿ. 1947ರ ಆಗಸ್ಟಿನಲ್ಲಿ ಅವರು ಭಾರತದ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿಮಾಡಿದರು. ಜನರ ಚಳವಳಿಯ ಫಲವಾಗಿ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನೇತೃತ್ವದ ಜವಾಬ್ದಾರಿ ಸರ್ಕಾರ ಬಂದಿತು. 1950ರಿಂದ 1956ರವರೆಗೆ ರಾಜಪ್ರಮುಖರು. 1956ರ ನವೆಂಬರ್ 1ರಿಂದ ವಿಶಾಲ ಮೈಸೂರಿನ ರಾಜ್ಯಪಾಲರು. 1964ರಿಂದ 1966ರವರೆಗೆ ಮದ್ರಾಸಿನ ರಾಜ್ಯಪಾಲರು. 1971ರಲ್ಲಿ ರಾಜಧನವೂ ರದ್ದಾಯಿತು. ಸ್ವಾಮಿತ್ವದ ವೃತ್ತವು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂದರೂ ಅವರು ಪ್ರತಿಯೊಂದು ಮೇರೆಯನ್ನೂ ಒಪ್ಪಿ ನಡೆದರು. ಕಾಲವೇ ಹೇರಿದ ಪರಿಮಾಣವಾದರೂ ಅದನ್ನು ಘನತೆಯಿಂದ ಹೊತ್ತದ್ದು ಅವರ ಗುಣ.

1952ರಲ್ಲಿ ಭಾರತ ಸರ್ಕಾರ ವನ್ಯಜೀವಿಗಳ ಮಂಡಲಿಯನ್ನು ಸ್ಥಾಪಿಸಿ ಅವರನ್ನೇ ಪ್ರಥಮ ಅಧ್ಯಕ್ಷರನ್ನಾಗಿ ನೇಮಿಸಿತು. ಮೊದಲ ಅಧಿವೇಶನ ನಡೆದದ್ದೂ ಮೈಸೂರಿನಲ್ಲಿಯೇ. ಭಾರತದ ಚೀತಾ ಅಷ್ಟರೊಳಗೆ ನಾಮಾವಶೇಷವಾಗಿತ್ತು. ಮಂಡಲಿ ಸಲಹೆ ಕೊಡಬಹುದಾಗಿತ್ತೇ ಹೊರತು ಆಜ್ಞೆ ಮಾಡುವಂತಿರಲಿಲ್ಲ; ಏಕೆಂದರೆ ಕಾಡುಪ್ರಾಣಿಗಳ ರಕ್ಷಣೆ ಆಗ ಸಂವಿಧಾನದ ರಾಜ್ಯಪಟ್ಟಿಯಲ್ಲಿದ್ದ ವಿಷಯ. ಆದುದರಿಂದ ರಾಜ್ಯಗಳು ಒಂದೊಂದಾಗಿ ಶಾಸನ ಮಾಡಬೇಕಾಯಿತು. ಜಯಚಾಮರಾಜೇಂದ್ರರು ರಾಜ್ಯಪಾಲರಾಗಿದ್ದಾಗಲೇ 1963ರಲ್ಲಿ ಮೈಸೂರು ರಾಜ್ಯದ ಕಾಡುಮೃಗ ಹಾಗೂ ಕಾಡುಪಕ್ಷಿಗಳ ರಕ್ಷಣಾ ಅಧಿನಿಯಮ ಬಂದಿತು. ಕಡೆಗೆ, ಸಂವಿಧಾನದ 252ನೆಯ ಅನುಚ್ಛೇದದಂತೆ ರಾಜ್ಯಗಳ ಕೋರಿಕೆಯ ಮೇಲೆ ಸಂಸತ್ತು 1972ರಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮವನ್ನು ಅಂಗೀಕರಿಸಿತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾದಾಗ ಬಂಡೀಪುರವು ಮೊದಲ ಒಂಬತ್ತು ತಾಣಗಳಲ್ಲಿ ಒಂದಾಯಿತು. ಇದನ್ನೆಲ್ಲ ಕಂಡು 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ಅವರು ದೇಹತ್ಯಾಗ ಮಾಡಿದರು. ಸಂಗೀತಜಗತ್ತು ಅವರನ್ನು ಶ್ರೀವಿದ್ಯಾ ಅಂಕಿತದ 94 ಕೃತಿಗಳ ವಾಗ್ಗೇಯಕಾರರೆಂದು ನೆನೆಯುತ್ತದೆ; ಕಾಡು ನೆನೆಯಲು ಕಾರಣ ಬೇರೆ.

ಅವರ ತರುವಾಯವೂ ಕಾನೂನು ಬಿಗಿಯಾಗುತ್ತಲೇ ಹೋಯಿತು. ಕಾಕನಕೋಟೆಯ ಖೆಡ್ಡಾ 1971ಕ್ಕೇ ನಿಂತಿತ್ತು. 1977ರಲ್ಲಿ ಆನೆಗೆ ಒಂದನೆಯ ಅನುಸೂಚಿಯ ರಕ್ಷಣೆ ದೊರೆಯಿತು. 1991ರ ತಿದ್ದುಪಡಿಯಿಂದ ಬೇಟೆಯ ಪರವಾನಗಿಗಳೇ ಕೊನೆಗೊಂಡವು. 2022ರ ತಿದ್ದುಪಡಿ ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿತು. ನಿಯಮನವಾಗಿದ್ದದ್ದು ನಿಷೇಧವಾಗಲು ತೊಂಬತ್ತು ವರ್ಷಗಳು ಹಿಡಿದವು. ಫಲವೂ ಕಂಡಿದೆ: 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದವು.

ಆದರೆ ಈ ಫಲದ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ಯೋಚಿಸಬೇಕು. ವ್ರತವನ್ನು ಹಿಡಿದವನು ತನ್ನನ್ನು ಮಾತ್ರ ಕಟ್ಟಿಕೊಳ್ಳುತ್ತಾನೆ. ಕಾನೂನು ಮಾಡುವವನು ಇತರರನ್ನೂ ಕಟ್ಟುತ್ತಾನೆ. ವಿನೋದಕ್ಕೆ ಬೇಟೆಯಾಡುತ್ತಿದ್ದ ಸಿರಿವಂತರು ಕಳೆದುಕೊಂಡದ್ದು ಒಂದು ಹವ್ಯಾಸ. ಕಾಡಿನೊಳಗೇ ಬದುಕಿದ್ದ ಜೇನುಕುರುಬ, ಕಾಡುಕುರುಬ, ಸೋಲಿಗರಲ್ಲಿ ಹಲವರು ಕಳೆದುಕೊಂಡದ್ದು ನೆಲೆಯನ್ನೇ. ಕಾಡಂಚಿನಿಂದ ದೂರವಿರುವ ಬಯಲುಸೀಮೆಗೂ ಭಾರ ತಪ್ಪಲಿಲ್ಲ. 2022ರ ಕೊನೆಯಿಂದ 2023ರ ಜನವರಿಯೊಳಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಸರ್ಕಾರ ಚಿರತೆ ಕಾರ್ಯಪಡೆಯನ್ನು ರಚಿಸಿತು. ಹಿಂದಾಗಿದ್ದರೆ ಹಳ್ಳಿಯವರು ಅರಮನೆಗೆ ಮೊರೆಹೋಗುತ್ತಿದ್ದರು. ಈಗ, ಮನುಷ್ಯನ ಪ್ರಾಣಕ್ಕೆ ಎರವಾದ ಪ್ರಾಣಿಯನ್ನು ಸೆರೆಹಿಡಿಯಲೂ ಬೇರೆಡೆಗೆ ಸಾಗಿಸಲೂ ಸಾಧ್ಯವಿಲ್ಲವೆಂದು ಮನಗಂಡ ಮೇಲೆ, ಕಾರಣಗಳನ್ನು ಬರೆದಿಟ್ಟು ಮುಖ್ಯ ವನ್ಯಜೀವಿ ಪರಿಪಾಲಕರು ಅಪ್ಪಣೆ ಕೊಡಬೇಕು. ಕಬ್ಬಿನ ಗದ್ದೆಯಂಚಿನಲ್ಲಿ ಕತ್ತಲಾದೊಡನೆ ಮಕ್ಕಳನ್ನು ಒಳಗೆ ಕರೆದುಕೊಳ್ಳುವ ತಾಯಿಗೆ ಈ ವಿಳಂಬ ಸಣ್ಣದಲ್ಲ. ಆದರೂ ವಿರೋಧೀ ಹಿಂಸೆಯನ್ನು ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸುವ ಗೆರೆ ಕಾನೂನಿನಲ್ಲಿರುವುದು ಅಲ್ಲಿಯೇ. ಅರಸನ ವಿವೇಕಕ್ಕೆ ಬಿಟ್ಟಿದ್ದ ನಿರ್ಣಯ ಈಗ ಕಾಗದದ ಮೇಲೆ ಕಾರಣ ಕೇಳುತ್ತದೆ.

ಜಯಚಾಮರಾಜೇಂದ್ರರ ಚರಿತ್ರೆ ಪರಮ ಅಹಿಂಸಕನ ಚರಿತ್ರೆಯಲ್ಲ. ಶಕ್ತಿಯುಳ್ಳವನು ಮೇರೆಯೊಂದನ್ನು ಒಪ್ಪಿದ ಚರಿತ್ರೆ. ಕೊಲ್ಲಬಲ್ಲವನು ಕೊಲ್ಲದಿರುವುದೇ ಸಂಯಮ. ಕೈಲಾಗದವನ ಸುಮ್ಮನಿರುವಿಕೆಗೆ ಆ ಹೆಸರು ಸಲ್ಲದು. ಕಾನೂನು ಕೋವಿಯನ್ನು ತಡೆಯಬಲ್ಲದು, ಉರುಳನ್ನು ಕೀಳಬಲ್ಲದು, ದಂಡ ವಿಧಿಸಬಲ್ಲದು. ಕೊಲ್ಲುವ ಬಯಕೆಯನ್ನು ಅದು ಮುಟ್ಟಲಾರದು. ಆ ಕೆಲಸಕ್ಕೆ ವ್ರತವೇ ಬೇಕು. ಕಾಡನ್ನು ಶಾಸನ ಕಾಯುತ್ತಿರುವಾಗ, ಅದರ ಹೊರೆಯನ್ನು ಹೊತ್ತ ಹಳ್ಳಿಗರ ಬೆಳೆಗೆ, ಪ್ರಾಣಕ್ಕೆ ನೆರವಾಗುವುದು ಕೂಡ ಅಹಿಂಸಾಣುವ್ರತದ ಅಂಗವೆಂದು ಶ್ರಾವಕರು ಬಗೆದರೆ, ಪ್ರಭುವೊಬ್ಬನು ತೊಡಗಿದ ಕಾರ್ಯ ಪ್ರಜೆಗಳ ಕೈಯಲ್ಲಿ ಪೂರ್ಣವಾದೀತು.