ಗ್ರಾಫ್ರಾತ್‌ನ ಕ್ಯಾಪ್ಟನ್ ಮತ್ತು ಒಂದನೆಯ ನಂಬರಿನ ನಾಯಿ

ಮ್ಯೂನಿಕ್ ನಗರದಿಂದ ಪಶ್ಚಿಮಕ್ಕೆ ಸಾಗುವ ಎಸ್-4 ಉಪನಗರ ರೈಲಿನ ಹಾದಿಯಲ್ಲಿ ಗ್ರಾಫ್ರಾತ್ ಎಂಬ ಸಣ್ಣ ಊರೊಂದಿದೆ. ಅಮ್ಮರ್‌ಜೇ ಸರೋವರದಿಂದ ಹೊರಡುವ ಅಂಪರ್ ನದಿ ಅದರ ಪಕ್ಕದಲ್ಲೇ ಹರಿಯುತ್ತದೆ. ಪ್ರವಾಸಿಗರ ಪಟ್ಟಿಯಲ್ಲಿ ಈ ಊರಿಗೆ ದೊಡ್ಡ ಸ್ಥಾನವೇನೂ ಇಲ್ಲ. ಆದರೆ ಬೆಂಗಳೂರಿನ ಬಂಗಲೆಯೊಂದರ ಗೇಟಿನ ಹಿಂದೆ ನಿಂತು ಬೊಗಳುವ ಜರ್ಮನ್ ಶೆಫರ್ಡ್ ನಾಯಿಯ ವಂಶವನ್ನು ಹಿಂದಕ್ಕೆ ಎಣಿಸುತ್ತ ಹೋದರೆ ಕೊನೆಗೆ ಬಂದು ನಿಲ್ಲುವುದು ಈ ಊರಿನ ಹೆಸರು ಹೊತ್ತ ಒಂದೇ ಒಂದು ನಾಯಿಯ ಬಳಿ. ಆ ನಾಯಿಯನ್ನು ಗುರುತಿಸಿ, ಅದರಿಂದ ಒಂದು ತಳಿಯನ್ನೇ ಕಟ್ಟಿದವರು ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್. ಜರ್ಮನಿಗೆ ಬರಲು ಸಿದ್ಧತೆ ನಡೆಸಿರುವವರಿಗೂ, ಮಕ್ಕಳನ್ನು ಇಲ್ಲಿಗೆ ಕಳುಹಿಸಿ ಊರಿನಲ್ಲಿರುವ ಹಿರಿಯರಿಗೂ ಅವರ ಬದುಕು ಈ ದೇಶದ ಸ್ವಭಾವವನ್ನು ಚೆನ್ನಾಗಿ ಪರಿಚಯಿಸುತ್ತದೆ.

ಸ್ಟೆಫಾನಿಟ್ಸ್ ಅವರು 1864ರ ಡಿಸೆಂಬರ್ 30ರಂದು ಡ್ರೆಸ್ಡೆನ್ ನಗರದಲ್ಲಿ ಕುಲೀನ ಮನೆತನವೊಂದರಲ್ಲಿ ಜನಿಸಿದರು. ಆ ಕಾಲದ ಕುಲೀನ ಕುಟುಂಬಗಳ ಪದ್ಧತಿಯಂತೆ ಸೈನ್ಯಕ್ಕೆ ಸೇರಿ ಅಶ್ವದಳದ ಅಧಿಕಾರಿಯಾದರು. ಸೇವೆಯ ನಡುವೆ ಕೆಲಕಾಲ ಬರ್ಲಿನ್ನಿನ ಪಶುವೈದ್ಯ ವಿದ್ಯಾಲಯಕ್ಕೆ ನಿಯೋಜಿತರಾದದ್ದು ಅವರ ಮುಂದಿನ ದಾರಿಯನ್ನು ನಿರ್ಧರಿಸಿತು. ಪ್ರಾಣಿಯ ಎಲುಬು, ಕೀಲು, ನಡಿಗೆ ಮತ್ತು ಸಂತಾನೋತ್ಪತ್ತಿಯ ಕುರಿತು ಅಲ್ಲಿ ಗಳಿಸಿದ ಅರಿವನ್ನು ಅವರು ಕುದುರೆಗಳ ಬದಲು ನಾಯಿಗಳಿಗೆ ಅನ್ವಯಿಸಿದರು.

ಸೇನಾ ಕವಾಯತಿಗೆಂದು ಹಳ್ಳಿಗಾಡಿನಲ್ಲಿ ಬೀಡುಬಿಟ್ಟಾಗ ಅವರು ಕುರಿಗಾಹಿಗಳ ನಾಯಿಗಳನ್ನು ಗಮನಿಸುತ್ತಿದ್ದರು. ಜರ್ಮನಿಯ ಹೊಲಗಳಿಗೆ ಆಗ ಬೇಲಿಯಿರಲಿಲ್ಲ. ಕುರಿಹಿಂಡು ದಾರಿಯಲ್ಲಿ ಸಾಗುವಾಗ ಅಕ್ಕಪಕ್ಕದ ಬೆಳೆಗೆ ಬಾಯಿ ಹಾಕದಂತೆ ಅಂಚಿನುದ್ದಕ್ಕೂ ದಿನವಿಡೀ ಓಡುತ್ತ ಜೀವಂತ ಬೇಲಿಯಂತೆ ಕಾಯುವುದು ಈ ನಾಯಿಗಳ ಕೆಲಸವಾಗಿತ್ತು. ಅವುಗಳ ರೂಪ ಒಂದೇ ಬಗೆಯದಾಗಿರಲಿಲ್ಲ. ಥುರಿಂಗಿಯಾ ಪ್ರಾಂತ್ಯದವು ಚಿಕ್ಕವು, ಚುರುಕಿನವು, ನೆಟ್ಟಗಿನ ಕಿವಿಯವು, ತೋಳದ ಬೂದುಬಣ್ಣದವು. ವ್ಯುರ್ಟೆಂಬರ್ಗ್ ಕಡೆಯವು ದೊಡ್ಡ ಗಾತ್ರದವು, ಗಟ್ಟಿ ಮೈಕಟ್ಟಿನವು. ಕುರಿಗಾಹಿಗೆ ಬೇಕಿದ್ದುದು ಕೆಲಸವೇ ಹೊರತು ಚೆಲುವಲ್ಲ.

ಇಷ್ಟರಲ್ಲಿ ಕಾಲ ಬದಲಾಗುತ್ತಿತ್ತು. ರೈಲು ಮತ್ತು ಕಾರ್ಖಾನೆಗಳು ಬಂದವು, ತೋಳಗಳು ಬಹುತೇಕ ಇಲ್ಲವಾದವು, ಕುರಿಗಳ ಸಂಖ್ಯೆಯೂ ಇಳಿಯತೊಡಗಿತು. ಕೆಲಸವಿಲ್ಲದ ನಾಯಿ ಎಷ್ಟು ದಿನ ಉಳಿದೀತು? ಕುರಿನಾಯಿಗಳನ್ನು ಒಂದು ಗೊತ್ತಾದ ತಳಿಯಾಗಿ ರೂಪಿಸಲೆಂದು 1891ರಲ್ಲಿ ಫಿಲಾಕ್ಸ್ ಎಂಬ ಸಂಘವೊಂದು ಹುಟ್ಟಿತಾದರೂ ಸದಸ್ಯರ ಭಿನ್ನಾಭಿಪ್ರಾಯದಿಂದ ಮೂರೇ ವರ್ಷಗಳಲ್ಲಿ ಮುಚ್ಚಿಹೋಯಿತು. ರೂಪ ಮುಖ್ಯವೋ ದುಡಿಮೆ ಮುಖ್ಯವೋ ಎಂಬ ಜಗಳ ಆಗಲೇ ಮೊದಲಾಗಿತ್ತು.

ಸ್ಟೆಫಾನಿಟ್ಸ್ ಅವರ ಸೇನಾ ಜೀವನ 1898ರಲ್ಲಿ ಕೊನೆಗೊಂಡಿತು. ಅವರು ನಟಿಯೊಬ್ಬರನ್ನು ಮದುವೆಯಾಗಿದ್ದರು. ರಂಗಭೂಮಿಯ ಹೆಣ್ಣನ್ನು ಅಧಿಕಾರಿಯೊಬ್ಬ ಕೈಹಿಡಿಯುವುದನ್ನು ಅಂದಿನ ಸೇನಾ ಸಮಾಜ ಒಪ್ಪುತ್ತಿರಲಿಲ್ಲ. ಕ್ಯಾಪ್ಟನ್ ಪದವಿಯೊಂದಿಗೆ ಅವರು ಸೈನ್ಯದಿಂದ ಹೊರಬಂದು, ಗ್ರಾಫ್ರಾತ್ ಬಳಿಯ ತಮ್ಮ ಜಮೀನಿನಲ್ಲಿ ನಾಯಿಗಳ ಸಾಕಣೆಯಲ್ಲಿ ತೊಡಗಿದರು. ಮೂವತ್ತಮೂರರ ವಯಸ್ಸಿನಲ್ಲಿ ವೃತ್ತಿಯನ್ನು ಕಳೆದುಕೊಂಡ ವ್ಯಕ್ತಿ ತನ್ನ ಹವ್ಯಾಸವನ್ನೇ ಜೀವನದ ಉದ್ದೇಶವಾಗಿಸಿಕೊಂಡ ಸಂದರ್ಭವಿದು.

1899ರ ಏಪ್ರಿಲ್ 3ರಂದು ಕಾರ್ಲ್ಸ್‌ರೂಹೆ ನಗರದಲ್ಲಿ ನಾಯಿಗಳ ಪ್ರದರ್ಶನವಿತ್ತು. ಗೆಳೆಯ ಆರ್ಟುರ್ ಮೆಯರ್ ಅವರೊಂದಿಗೆ ಅಲ್ಲಿಗೆ ಹೋದ ಸ್ಟೆಫಾನಿಟ್ಸ್ ಅವರ ಕಣ್ಣಿಗೆ ಹೆಕ್ಟರ್ ಲಿಂಕ್ಸ್‌ರೈನ್ ಎಂಬ ನಾಲ್ಕು ವರ್ಷದ ಗಂಡುನಾಯಿ ಬಿತ್ತು. ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ್ದ, ತೋಳದ ಹೋಲಿಕೆಯ, ನೆಟ್ಟ ಕಿವಿಯ, ಬಲವಾದ ಮೈಕಟ್ಟಿನ, ಸದಾ ಎಚ್ಚರದ ಈ ನಾಯಿಯಲ್ಲಿ ತಾವು ವರ್ಷಗಳಿಂದ ಕಲ್ಪಿಸಿಕೊಂಡಿದ್ದ ರೂಪವೇ ಎದುರಿಗೆ ನಿಂತಂತೆ ಅವರಿಗೆ ಕಂಡಿತು. ಅದನ್ನು ಕೊಂಡುಕೊಂಡು, ಹೆಸರು ಬದಲಿಸಿ, ಹೋರಾಂಡ್ ಫಾನ್ ಗ್ರಾಫ್ರಾತ್ ಎಂದು ಕರೆದರು. ಅದೇ ತಿಂಗಳ 22ರಂದು ಜರ್ಮನ್ ಶೆಫರ್ಡ್ ನಾಯಿಗಳ ಸಂಘ ಸ್ಥಾಪನೆಯಾಯಿತು. ಸ್ಟೆಫಾನಿಟ್ಸ್ ಅದರ ಮೊದಲ ಅಧ್ಯಕ್ಷರಾದರು. ಸಂಘದ ವಂಶಾವಳಿ ಪುಸ್ತಕದಲ್ಲಿ ಒಂದನೆಯ ನಂಬರು ಹೋರಾಂಡ್‌ನದಾಯಿತು.

ಜರ್ಮನಿಯ ಸಂಘಜೀವನದ ಪರಿಚಯವಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಹಾಡುವವರಿರಲಿ, ಬೆಟ್ಟ ಹತ್ತುವವರಿರಲಿ, ಜೇನು ಸಾಕುವವರಿರಲಿ, ಈ ದೇಶದಲ್ಲಿ ಆಸಕ್ತಿಯೊಂದಿದ್ದರೆ ಅದಕ್ಕೊಂದು ಫೆರೈನ್, ಅಂದರೆ ನೋಂದಾಯಿತ ಸಂಘ, ಇದ್ದೇ ಇರುತ್ತದೆ. ಏಳು ಮಂದಿ ಸೇರಿದರೆ ಅಂಥ ಸಂಘವನ್ನು ನೋಂದಾಯಿಸಬಹುದು. ನಿಯಮಾವಳಿ, ಲೆಕ್ಕಪತ್ರ, ವಾರ್ಷಿಕ ಸಭೆಯ ನಡಾವಳಿ ಎಲ್ಲವೂ ಕಾಗದದ ಮೇಲೆ ಇರಬೇಕು. ಇಲ್ಲಿನ ಹಲವು ನಗರಗಳ ಕನ್ನಡ ಸಂಘಗಳೂ ಇದೇ ಚೌಕಟ್ಟಿನಲ್ಲಿ ನಡೆಯುತ್ತವೆ. ಸ್ಟೆಫಾನಿಟ್ಸ್ ಅವರ ಸಂಘ ಮುಂದೆ ಜಗತ್ತಿನ ಅತಿ ದೊಡ್ಡ ತಳಿಸಂಘಗಳಲ್ಲಿ ಒಂದಾಗಿ ಬೆಳೆದು, ಇಂದಿಗೂ ಆಗ್ಸ್‌ಬರ್ಗ್ ನಗರದಿಂದ ಕಾರ್ಯ ನಿರ್ವಹಿಸುತ್ತಿದೆ.

ಹೋರಾಂಡ್‌ನ ಮಕ್ಕಳಲ್ಲಿ ಹೆಸರಾದದ್ದು ಹೆಕ್ಟರ್ ಫಾನ್ ಶ್ವಾಬೆನ್. ಅದರ ತಾಯಿ ವ್ಯುರ್ಟೆಂಬರ್ಗ್ ಮೂಲದ್ದು. ಹೀಗೆ ಥುರಿಂಗಿಯಾದ ಚುರುಕು ಮತ್ತು ವ್ಯುರ್ಟೆಂಬರ್ಗಿನ ಗಾತ್ರ ಒಂದೆಡೆ ಕೂಡಿದವು. 1900 ಮತ್ತು 1901ರ ರಾಷ್ಟ್ರೀಯ ಪ್ರದರ್ಶನಗಳಲ್ಲಿ ಹೆಕ್ಟರ್ ಪ್ರಥಮ ಸ್ಥಾನ ಗಳಿಸಿತು. ಮುಂದೆ ಹೆಕ್ಟರನ್ನು ಹೋರಾಂಡ್‌ನ ಇತರ ಸಂತತಿಯ ಹೆಣ್ಣುಗಳೊಂದಿಗೇ ಕೂಡಿಸಲಾಯಿತು. ಬೇಓವುಲ್ಫ್, ಪೈಲಟ್, ಹೈನ್ಸ್ ಫಾನ್ ಸ್ಟಾರ್ಕೆನ್‌ಬರ್ಗ್ ಎಂಬ ಮೂರು ಪ್ರಸಿದ್ಧ ಗಂಡುಗಳು ಆ ಕೂಡಿಕೆಯ ಫಲ. ಇಂದಿನ ಜರ್ಮನ್ ಶೆಫರ್ಡ್ ತಳಿಯ ಬಹುಪಾಲು ಈ ಕವಲುಗಳಿಂದಲೇ ಬಂದದ್ದು.

ಗೆದ್ದ ಒಂದು ನಾಯಿ ಇಡೀ ತಳಿಯನ್ನು ಹೇಗೆ ತಿದ್ದುತ್ತದೆ ಎಂಬುದರ ಗುಟ್ಟು ಇಲ್ಲಿದೆ. ಹೆಣ್ಣುನಾಯಿಯೊಂದು ಬದುಕಿನಲ್ಲಿ ಕೆಲವೇ ಸಲ ಮರಿ ಹಾಕಬಲ್ಲದು. ಬಹುಮಾನ ಗೆದ್ದ ಗಂಡುನಾಯಿಗಾದರೋ ದೂರದೂರದ ಊರುಗಳಿಂದ ಹೆಣ್ಣುಗಳು ಬರುತ್ತವೆ, ನೂರಾರು ಮರಿಗಳು ಅದರ ಹೆಸರಿಗೆ ಸೇರುತ್ತವೆ. ಆ ಮರಿಗಳಲ್ಲಿ ಚೆನ್ನಾಗಿರುವವೇ ಮುಂದೆ ಗೆಲ್ಲುತ್ತವೆ, ಅವಕ್ಕೂ ಅದೇ ಬೇಡಿಕೆ. ಎರಡು ಮೂರು ತಲೆಮಾರುಗಳಲ್ಲಿ ಯಾವ ಎರಡು ನಾಯಿಗಳನ್ನು ಕೂಡಿಸಿದರೂ ಅವು ಒಂದೇ ಅಜ್ಜನ ಮೊಮ್ಮಕ್ಕಳಾಗಿರುತ್ತವೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ನಡೆಯುವ ಮನೆತನಗಳಲ್ಲಿ ವೈದ್ಯರು ಎಚ್ಚರಿಸುವುದೂ ಇದನ್ನೇ. ತಂದೆಯಲ್ಲಿ ಅಡಗಿ ಕುಳಿತ ದೋಷದ ವಂಶವಾಹಿ ತಾಯಿಯ ಕಡೆಯಿಂದಲೂ ಬಂದರೆ, ಮಗುವಿನಲ್ಲಿ ಅದು ರೋಗವಾಗಿ ಹೊರಬೀಳುತ್ತದೆ. ಮೆಚ್ಚಿದ ಗುಣವನ್ನು ಬೇಗ ಸ್ಥಿರಗೊಳಿಸುವ ಉಪಾಯವೇ ಬೇಡದ ದೋಷವನ್ನೂ ಸ್ಥಿರಗೊಳಿಸುತ್ತದೆ.

ಹೋರಾಂಡ್‌ನ ತಾಯಿಯ ತಂದೆ ಗ್ರೈಫ್ ಎಂಬ ಬಿಳಿಯ ನಾಯಿ. ಆದ್ದರಿಂದ ಬೂದು ಮತ್ತು ಕಪ್ಪು ತಂದೆತಾಯಿಗಳಿಗೂ ಆಗಾಗ ಬಿಳಿಯ ಮರಿಗಳು ಹುಟ್ಟುತ್ತಿದ್ದವು. ಮುಂದೆ ಜರ್ಮನಿಯಲ್ಲಿ ಆ ಬಣ್ಣವನ್ನು ದೋಷವೆಂದು ತಳಿಯ ಮಾನದಂಡದಿಂದ ಹೊರಗಿಡಲಾಯಿತು. ಆದರೂ ಅದು ಅಳಿಯಲಿಲ್ಲ. ಇಂದು ಬಿಳಿಯ ಸ್ವಿಸ್ ಶೆಫರ್ಡ್ ಎಂಬ ಬೇರೆಯೇ ತಳಿಯಾಗಿ ಅದು ಮಾನ್ಯತೆ ಪಡೆದಿದೆ.

ಸ್ಟೆಫಾನಿಟ್ಸ್ ಅವರಿಗೆ ಈ ಅಪಾಯದ ಅರಿವಿತ್ತು. ಉಪಯೋಗಕ್ಕೆ ಬಾರದ ಚೆಲುವು ಚೆಲುವೇ ಅಲ್ಲವೆಂಬುದು ಅವರ ನಿಲುವು. ಕುರಿಗಳು ಕಡಿಮೆಯಾದಾಗ ಅವರು ತಮ್ಮ ನಾಯಿಗಳಿಗೆ ಹೊಸ ಉದ್ಯೋಗ ಹುಡುಕಲು ಪೊಲೀಸ್ ಮತ್ತು ಸೇನೆಯ ಬಾಗಿಲು ತಟ್ಟಿದರು. ವಾಸನೆ ಹಿಡಿಯುವುದು, ಆಜ್ಞೆ ಪಾಲಿಸುವುದು, ಒಡೆಯನನ್ನು ಕಾಯುವುದು ಇವುಗಳಿಗೆ ಪರೀಕ್ಷೆಗಳು ರೂಪುಗೊಂಡವು. ಮೊದಲ ಮಹಾಯುದ್ಧದಲ್ಲಿ ಸಾವಿರಾರು ನಾಯಿಗಳು ಸಂದೇಶ ಒಯ್ದವು, ಗಾಯಾಳುಗಳನ್ನು ಹುಡುಕಿದವು. ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಮಾರ್ಗದರ್ಶಿ ನಾಯಿಗಳ ಶಾಲೆ 1916ರಲ್ಲಿ ಓಲ್ಡನ್‌ಬರ್ಗ್ ನಗರದಲ್ಲಿ ಆರಂಭವಾಯಿತು.

ಇದೇ ಯುದ್ಧ ನಾಯಿಯ ಹೆಸರನ್ನೂ ಬದಲಿಸಿತು. ಜರ್ಮನ್ ಎಂಬ ಪದವನ್ನೇ ಸಹಿಸದ ಬ್ರಿಟನ್ನಿನಲ್ಲಿ ಇದಕ್ಕೆ ಫ್ರಾನ್ಸಿನ ಗಡಿಪ್ರಾಂತ್ಯವಾದ ಆಲ್ಸೇಸ್‌ನ ಹೆಸರಿಟ್ಟು ಅಲ್ಸೇಷಿಯನ್ ಎಂದರು. ಬ್ರಿಟಿಷರ ಮೂಲಕ ನಾಯಿಯೂ ಹೆಸರೂ ಒಟ್ಟಿಗೆ ಭಾರತಕ್ಕೆ ಬಂದವು. ಮೈಸೂರು, ಬೆಂಗಳೂರುಗಳ ಹಿರಿಯರು ಇಂದಿಗೂ ಈ ನಾಯಿಯನ್ನು ಅಲ್ಸೇಷಿಯನ್ ಎನ್ನುವುದಕ್ಕೆ ಕಾರಣ ಇದು. ಬ್ರಿಟನ್ನಿನಲ್ಲಿ ಮೂಲ ಹೆಸರು ಅಧಿಕೃತವಾಗಿ ಮರಳಿದ್ದು 1977ರಲ್ಲಿ. ಆಸ್ಟ್ರೇಲಿಯಾವಂತೂ ಇದು ಕಾಡುನಾಯಿ ಡಿಂಗೋಗಳೊಂದಿಗೆ ಬೆರೆತು ಕುರಿಗಳನ್ನು ಕೊಂದೀತೆಂಬ ಭಯದಿಂದ 1920ರ ದಶಕದ ಕೊನೆಯಲ್ಲಿ ಆಮದನ್ನೇ ನಿಷೇಧಿಸಿ, ಹಲವು ದಶಕಗಳ ಕಾಲ ಆ ನಿಷೇಧವನ್ನು ಮುಂದುವರಿಸಿತು. ಕುರಿ ಕಾಯಲೆಂದೇ ಹುಟ್ಟಿದ ನಾಯಿಗೆ ಕುರಿಗಳ್ಳನೆಂಬ ಅಪವಾದ ಬಂದದ್ದು ವಿಪರ್ಯಾಸ. ಇತ್ತ ಅಮೆರಿಕದಲ್ಲಿ ರಿನ್ ಟಿನ್ ಟಿನ್ ಎಂಬ ಚಲನಚಿತ್ರ ನಾಯಿಯ ಜನಪ್ರಿಯತೆಯಿಂದ ಬೇಡಿಕೆ ಉಕ್ಕಿತು. ಹಣದಾಸೆಗೆ ಯೋಚನೆಯಿಲ್ಲದೆ ಮರಿ ಮಾಡಿಸುವವರು ಎಲ್ಲೆಡೆ ಹುಟ್ಟಿಕೊಂಡರು.

ಯುದ್ಧಾನಂತರದ ಪ್ರದರ್ಶನಗಳಲ್ಲಿ ಎತ್ತರದ, ಉದ್ದಗಾಲಿನ ನಾಯಿಗಳೇ ಮೆಚ್ಚುಗೆ ಗಳಿಸತೊಡಗಿದ್ದವು. ಅವುಗಳಲ್ಲಿ ಹಲವಕ್ಕೆ ಮನೋಬಲ ಸಾಲದು, ಸದ್ದಿಗೆ ಬೆಚ್ಚುವ ಸ್ವಭಾವ ಹೆಚ್ಚುತ್ತಿತ್ತು. ಸ್ಟೆಫಾನಿಟ್ಸ್ ಮೊದಲು ನಿಯಮದ ದಾರಿ ಹಿಡಿದರು. ನಾಯಿಯೊಂದು ತಳಿವೃದ್ಧಿಗೆ ಯೋಗ್ಯವೇ ಎಂಬುದನ್ನು ಪರೀಕ್ಷಿಸಿ ಅಳೆದು ಬರೆದಿಡುವ ಕ್ಯೋರುಂಗ್ ಎಂಬ ಪದ್ಧತಿ 1920ರ ದಶಕದ ಆರಂಭದಲ್ಲಿ ಜಾರಿಗೆ ಬಂತು. ಬಳಿಕ 1925ರ ರಾಷ್ಟ್ರೀಯ ಪ್ರದರ್ಶನದಲ್ಲಿ ತಾವೇ ತೀರ್ಪುಗಾರರಾಗಿ ನಿಂತು, ಎತ್ತರದ ನಾಯಿಗಳನ್ನೆಲ್ಲ ಬದಿಗಿರಿಸಿ, ಕ್ಲೋಡೊ ಫಾಮ್ ಬಾಕ್ಸ್‌ಬರ್ಗ್ ಎಂಬ ನಾಯಿಯನ್ನು ಪ್ರಥಮವೆಂದು ಘೋಷಿಸಿದರು. ಕ್ಲೋಡೊ ತಗ್ಗಿನ, ಉದ್ದ ಮೈಯ, ದಿಟ್ಟ ಸ್ವಭಾವದ, ದೂರದ ಹೆಜ್ಜೆಯಿಟ್ಟು ಓಡುವ ನಾಯಿ. ಆ ಒಂದು ತೀರ್ಪಿನಿಂದ ತಳಿಯ ದಿಕ್ಕೇ ತಿರುಗಿತು. ಎಲ್ಲರೂ ಅದೇ ಮಾದರಿಯ ಮರಿಗಳಿಗಾಗಿ ಮುಗಿಬಿದ್ದರು. ಸ್ವತಃ ಕ್ಲೋಡೊ ಅಮೆರಿಕಕ್ಕೆ ಮಾರಾಟವಾಯಿತು. ಅದರ ಮಗ ಉಟ್ಸ್ ಫಾಮ್ ಹೌಸ್ ಶ್ಯುಟಿಂಗ್ 1929ರಲ್ಲಿ ಗೆದ್ದು, ಎರಡೂ ಖಂಡಗಳ ಪ್ರದರ್ಶನ ವಂಶಗಳ ಮೂಲಪುರುಷರಲ್ಲಿ ಒಂದಾಯಿತು. ಆದರೆ ಮಸುಕಾದ ಬಣ್ಣ, ಹಲ್ಲುಗಳ ಕೊರತೆಯಂಥ ದೋಷಗಳು ಹರಡಿದ್ದಕ್ಕೂ ತಳಿಗಾರರು ಉಟ್ಸ್‌ನ ವಂಶವನ್ನೇ ದೂರಿದರು. ಒಂದು ದೋಷವನ್ನು ತಿದ್ದಲು ಮತ್ತೊಂದೇ ನಾಯಿಯನ್ನು ನೆಚ್ಚಿದಾಗ, ಅದು ತನ್ನ ದೋಷಗಳನ್ನೂ ಜೊತೆಗೇ ಕೊಟ್ಟುಹೋಗುತ್ತದೆ.

ಸ್ಟೆಫಾನಿಟ್ಸ್ ಅವರ ಕೊನೆಯ ವರ್ಷಗಳು ಸುಖದವಲ್ಲ. ರಕ್ತಶುದ್ಧಿ, ಕುಲಶ್ರೇಷ್ಠತೆ ಮುಂತಾದ ಅಂದಿನ ಮಾತುಗಳು ಅವರ ಬರಹಗಳಲ್ಲಿಯೂ ಇದ್ದವು ಎಂಬುದನ್ನು ಮರೆಮಾಚಬೇಕಿಲ್ಲ. ನಾಯಿಗಳ ವಿಷಯದಲ್ಲಿ ಬಳಸಿದ ಅದೇ ಮಾತುಗಳನ್ನು ಮನುಷ್ಯರಿಗೆ ಅನ್ವಯಿಸುವ ಸರ್ಕಾರ 1933ರಲ್ಲಿ ಅಧಿಕಾರಕ್ಕೆ ಬಂತು. ನಾಜಿಗಳು ಈ ನಾಯಿಯನ್ನು ತಮ್ಮ ಲಾಂಛನದಂತೆ ಬಳಸಿಕೊಂಡರು, ಸಂಘದ ಮೇಲೂ ಹಿಡಿತ ಸಾಧಿಸಿದರು. ಮೂವತ್ತಾರು ವರ್ಷಗಳ ಕಾಲ ನಡೆಸಿದ ಸಂಘದಿಂದ ಅವರು 1935ರಲ್ಲಿ ಹೊರನಡೆಯಬೇಕಾಯಿತು. 1936ರ ಏಪ್ರಿಲ್ 22ರಂದು, ಸಂಘ ಸ್ಥಾಪನೆಯಾದ ದಿನವೇ, ಹುಟ್ಟೂರಾದ ಡ್ರೆಸ್ಡೆನ್‌ನಲ್ಲಿ ನಿಧನರಾದರು.

ಅವರು ಎದುರಿಸಿದ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಪ್ರದರ್ಶನದ ನಾಯಿಗಳಲ್ಲಿ ಬೆನ್ನಿನ ಇಳಿಜಾರು ಮತ್ತು ಹಿಂಗಾಲುಗಳ ಬಾಗು ಹೆಚ್ಚುತ್ತ ಹೋಗಿ, ಕೆಲಸದ ನಾಯಿಗಳು ಬೇರೆ, ಪ್ರದರ್ಶನದ ನಾಯಿಗಳು ಬೇರೆ ಎಂಬಂತೆ ತಳಿ ಎರಡಾಗಿ ಸೀಳಿದೆ. ಸೊಂಟದ ಕೀಲಿನ ದೋಷ, ಬೆಳವಣಿಗೆಯ ಹಾರ್ಮೋನಿನ ಕೊರತೆಯಿಂದ ಮರಿ ಕುಳ್ಳಾಗಿಯೇ ಉಳಿಯುವ ಆನುವಂಶಿಕ ರೋಗ ಇವು ಈ ತಳಿಯನ್ನು ಕಾಡುತ್ತವೆ. ನೋವು ತರುವ ಬಗೆಯ ತಳಿವೃದ್ಧಿಯನ್ನು ಜರ್ಮನಿಯ ಪ್ರಾಣಿರಕ್ಷಣಾ ಕಾನೂನು ನಿಷೇಧಿಸುತ್ತದೆ. ಅಂಥ ಲಕ್ಷಣಗಳುಳ್ಳ ನಾಯಿಗಳನ್ನು ಪ್ರದರ್ಶನಕ್ಕೆ ತರುವುದನ್ನೂ 2022ರಿಂದ ತಡೆಯಲಾಗಿದೆ.

ಇಲ್ಲಿಗೆ ಬಂದು ನೆಲೆಸಿ, ಮಕ್ಕಳ ಒತ್ತಾಯಕ್ಕೆ ನಾಯಿಮರಿ ತರಲು ಯೋಚಿಸುವ ಕನ್ನಡ ಕುಟುಂಬಗಳು ಈ ಇತಿಹಾಸವನ್ನು ಅರಿತಿದ್ದರೆ ಒಳ್ಳೆಯದು. ನಗರಸಭೆಗೆ ವರ್ಷಕ್ಕೊಮ್ಮೆ ನಾಯಿ ತೆರಿಗೆ ಕಟ್ಟಬೇಕು, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಮೊದಲೇ ಕೇಳಬೇಕು, ಕೆಲವು ರಾಜ್ಯಗಳಲ್ಲಿ ವಿಮೆಯೂ ಕಡ್ಡಾಯ. ಇವೆಲ್ಲಕ್ಕಿಂತ ಮುಖ್ಯವಾದದ್ದು ಮರಿಯ ವಂಶಪತ್ರವನ್ನು ಓದುವ ಬಗೆ. ಅದರಲ್ಲಿ ಎಷ್ಟು ಪದಕಗಳಿವೆ ಎಂಬುದಕ್ಕಿಂತ ಒಂದೇ ಹೆಸರು ಎಷ್ಟು ಸಲ ಬಂದಿದೆ ಎಂದು ನೋಡಬೇಕು. ತಂದೆತಾಯಿಗಳ ಕೀಲಿನ ಎಕ್ಸ್‌-ರೇ ವರದಿ ಕೇಳಬೇಕು, ಸಾಧ್ಯವಾದರೆ ತಾಯಿನಾಯಿಯನ್ನು ಕಣ್ಣಾರೆ ನೋಡಬೇಕು. ಗ್ರಾಫ್ರಾತ್‌ನ ಕ್ಯಾಪ್ಟನ್ ತಮ್ಮ ಬದುಕಿನುದ್ದಕ್ಕೂ ಹೇಳುತ್ತ ಬಂದದ್ದು ಇದನ್ನೇ: ನಾಯಿಯ ಬೆಲೆ ಅದರ ಆರೋಗ್ಯದಲ್ಲಿದೆ, ಅದರ ದುಡಿಮೆಯಲ್ಲಿದೆ. ಅವರ ಸಂಘದವರೇ ಹಲವು ಬಾರಿ ಮರೆತ ಈ ಮಾತನ್ನು ಮರಿ ಕೊಳ್ಳುವವರಾದರೂ ನೆನಪಿಟ್ಟರೆ, ಹೋರಾಂಡ್‌ನ ಮುಂದಿನ ಪೀಳಿಗೆಗಳು ನೋವಿಲ್ಲದೆ ಓಡಾಡಿಯಾವು.